ಗುಂಗುರು ಕೂದಲು ದೋಷವಲ್ಲ: ಆರೈಕೆ ಹೇಗೆ? ಹೊಂದುವ ಶ್ಯಾಂಪೂ ಯಾವುದು?

ಮದುವೆ ನಿಶ್ಚಯವಾದ ಮನೆಗಳಲ್ಲಿ ಚಿನ್ನ, ಸೀರೆ, ಹಾಲ್, ಅಡುಗೆಯವರ ಮಾತು ಮುಗಿಯುತ್ತಿದ್ದಂತೆ ಇತ್ತೀಚೆಗಿನ ವರ್ಷಗಳಲ್ಲಿ ಇನ್ನೊಂದು ಮಾತು ಶುರುವಾಗುತ್ತದೆ. “ಹುಡುಗಿಯ ಕೂದಲು ಒಮ್ಮೆ ನೇರ ಮಾಡಿಸಿಬಿಡುವುದು ಒಳ್ಳೆಯದಲ್ಲವೇ?” ಎಂದು ಯಾರಾದರೂ ಒಬ್ಬರು ಅತ್ತೆಯೋ ಚಿಕ್ಕಮ್ಮನೋ ಕೇಳಿಯೇ ಕೇಳುತ್ತಾರೆ. ಹುಟ್ಟಿನಿಂದ ಬಂದ ಗುಂಗುರು ಕೂದಲು ಆ ದಿನದಿಂದ ಒಂದು ಸಮಸ್ಯೆಯಾಗಿಬಿಡುತ್ತದೆ.

ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಅಕ್ಕನ ಮಗಳಿಗೆ ಮೊಣಕೈವರೆಗೆ ಬರುವ ದಟ್ಟ ಗುಂಗುರು ಕೂದಲು. ಮದುವೆಗೆ 2 ತಿಂಗಳಿರುವಾಗ ಪೇಟೆಯ ಪಾರ್ಲರೊಂದರಲ್ಲಿ 6,500 ರೂಪಾಯಿ ಕೊಟ್ಟು ಸ್ಮೂತ್‌ನಿಂಗ್ ಮಾಡಿಸಿದಳು. ಮೊದಲ ಮೂರು ವಾರ ಎಲ್ಲರೂ ಹೊಗಳಿದರು. ನಾಲ್ಕನೆಯ ವಾರದಿಂದ ಕೂದಲು ಬುಡದಿಂದ ಉದುರದೆ, ನಡುವೆಯೇ ತುಂಡಾಗತೊಡಗಿತು. ಧಾರೆಯ ದಿನ ಮೊಗ್ಗಿನ ಜಡೆ ಕಟ್ಟಲು ಚೌರಿ ತರಿಸಬೇಕಾಯಿತು. ಇದು 2 ವರ್ಷದ ಹಿಂದಿನ ಮಾತು. ಆಮೇಲೆ ಅವಳಿಗಾಗಿ ನಾವು ಕೇಳಿ, ಓದಿ, ಮಾಡಿ ನೋಡಿ ತಿಳಿದುಕೊಂಡ ವಿಷಯಗಳು ಬೇರೆಯವರಿಗೂ ಉಪಯೋಗವಾಗಲಿ ಎಂದು ಇಲ್ಲಿ ಕೊಡುತ್ತಿದ್ದೇನೆ.

ಕೂದಲು ಗುಂಗುರಾಗುವುದು ಏಕೆ?

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಚರ್ಮದ ಒಳಗಿರುವ ಬೇರಿನ ಭಾಗಕ್ಕೆ ಮಾತ್ರ ಜೀವ ಇದೆ, ಹೊರಗೆ ಕಾಣುವ ಎಳೆಗೆ ಜೀವವಿಲ್ಲ. ಬೇರು ಕೂತಿರುವ ಗುಳಿ ನೇರವಾಗಿದ್ದರೆ ಕೂದಲು ನೇರ, ಗುಳಿ ಬಾಗಿದ್ದರೆ ಕೂದಲು ಸುರುಳಿ. ಅಡ್ಡಕ್ಕೆ ಕತ್ತರಿಸಿ ನೋಡಿದರೆ ನೇರ ಕೂದಲು ಹೆಚ್ಚುಕಡಿಮೆ ದುಂಡಗೆ, ಗುಂಗುರು ಕೂದಲು ಚಪ್ಪಟೆಯಾಗಿ ಕಾಣುತ್ತದೆ. ಇದು ತಾಯಿ ತಂದೆಯಿಂದ ಬರುವ ಗುಣ. ಯಾವ ಎಣ್ಣೆ, ಯಾವ ಶ್ಯಾಂಪೂ ಹಾಕಿದರೂ ಗುಳಿಯ ಆಕಾರ ಬದಲಾಗುವುದಿಲ್ಲ.

ಆರೈಕೆಯ ವ್ಯತ್ಯಾಸ ಶುರುವಾಗುವುದೂ ಇಲ್ಲಿಂದಲೇ. ನೆತ್ತಿಯ ಗ್ರಂಥಿಗಳಿಂದ ಬರುವ ಜಿಡ್ಡು ನೇರ ಕೂದಲಿನಲ್ಲಿ ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ಸುರುಳಿ ಕೂದಲಿನಲ್ಲಿ ಅದು ತಿರುವು ತಿರುವಿನಲ್ಲೂ ತಡೆಯುತ್ತದೆ. ಆದ್ದರಿಂದ ಬುಡದಲ್ಲಿ ಜಿಡ್ಡು, ತುದಿಯಲ್ಲಿ ಒಣ. ಪ್ರತಿಯೊಂದು ತಿರುವೂ ಒಂದು ದುರ್ಬಲ ಜಾಗ. ಒಣಗಿದಾಗ ಸಪೂರ ಹಲ್ಲಿನ ಬಾಚಣಿಗೆಯಿಂದ ಎಳೆದರೆ ಅಲ್ಲಿಯೇ ತುಂಡಾಗುತ್ತದೆ. ಒಬ್ಬ ಅಕ್ಕನಿಗೆ ಒಗ್ಗಿದ ಶ್ಯಾಂಪೂ ತಂಗಿಗೆ ಒಗ್ಗದಿರುವುದಕ್ಕೂ ಇದೇ ಕಾರಣ.

ಮೊದಲು ನಿಮ್ಮ ಮನೆಯ ನೀರು ನೋಡಿ

ಶ್ಯಾಂಪೂ ಬದಲಿಸುವ ಮೊದಲು ನೀರನ್ನು ಪರೀಕ್ಷಿಸಿಕೊಳ್ಳಿ. ನಮ್ಮ ಕಾಸರಗೋಡಿನ ಗುಡ್ಡದ ಕಡೆಯ ಮನೆಗಳಲ್ಲಿ ಸುರಂಗದ ನೀರು, ಮುರಕಲ್ಲಿನ ಬಾವಿಯ ನೀರು ಇತ್ತು. ಈಗ ಹಲವು ಕಡೆ ಕೊಳವೆಬಾವಿ ಬಂದಿದೆ. ಕೆಲವು ಕೊಳವೆಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಬಕೆಟ್ಟಿನಲ್ಲಿ ಕೆಂಪು ಕಲೆ ಕಟ್ಟುವುದೇ ಅದರ ಗುರುತು. ಪೇಟೆಯವರಿಗಂತೂ ಬೇಸಗೆಯಲ್ಲಿ ನಲ್ಲಿಯಲ್ಲಿ ಉಪ್ಪುನೀರು ಬಂದ ವರ್ಷಗಳು ನೆನಪಿರಬಹುದು.

ಸುಲಭದ ಪರೀಕ್ಷೆ ಇದು. ಒಂದು ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಸ್ವಲ್ಪ ಸಾಬೂನು ತುರಿದು ಹಾಕಿ ಚೆನ್ನಾಗಿ ಕುಲುಕಿ. ನೊರೆ ಬಾರದೆ ನೀರು ಹಾಲಿನಂತೆ ಮಂಕಾದರೆ ಅದು ಗಡಸು ನೀರು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಕೂದಲಿನ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ಕೂದಲು ಒರಟಾಗುತ್ತದೆ, ಜಡೆ ಹೆಣೆಯುವಾಗ ಕೀಚ್ ಎನ್ನುತ್ತದೆ. ಇಂಥವರು ತಲೆಗೆ ಸಾಬೂನು ಹಾಕಲೇಬಾರದು, ಶ್ಯಾಂಪೂವೇ ಲೇಸು. ಕೊನೆಯ ಎರಡು ತಂಬಿಗೆ ನೀರಾದರೂ ತೆರೆದ ಬಾವಿಯದ್ದೋ ಹಿಡಿದಿಟ್ಟ ಮಳೆಯದ್ದೋ ಆದರೆ ಒಳ್ಳೆಯದು.

ತೆಂಗಿನೆಣ್ಣೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ತೆಂಗಿನೆಣ್ಣೆ ಹಚ್ಚಿದರೆ ಕೂದಲು ಬೆಳೆಯುತ್ತದೆ ಎಂಬುದು ನಮ್ಮಲ್ಲಿ ದೃಢವಾದ ನಂಬಿಕೆ. ಹೊರಗಿನ ಎಳೆಗೆ ಜೀವವಿಲ್ಲದಿರುವುದರಿಂದ ಅದಕ್ಕೆ ಆಹಾರ ಕೊಡುವ ಪ್ರಶ್ನೆಯೇ ಇಲ್ಲ. ಆದರೆ ಎಣ್ಣೆ ಕೂದಲು ತುಂಡಾಗುವುದನ್ನು ಕಡಿಮೆ ಮಾಡುತ್ತದೆ. ತುಂಡಾಗದ ಕೂದಲು ಉದ್ದವಾಗಿ ಕಾಣುತ್ತದೆ. ಅಜ್ಜಿಯಂದಿರ ಮಾತು ಹೀಗೆ ಅರ್ಧ ಸರಿ.

2003ರಲ್ಲಿ ಮುಂಬೈಯ ಇಬ್ಬರು ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿ ಒಂದು ಅಧ್ಯಯನ ಪ್ರಕಟಿಸಿದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ನಷ್ಟವಾಗುವುದನ್ನು ತೆಂಗಿನೆಣ್ಣೆ ಮಾತ್ರ ಗಣನೀಯವಾಗಿ ತಗ್ಗಿಸಿತು. ತೆಂಗಿನೆಣ್ಣೆಯ ಹೆಚ್ಚುಕಡಿಮೆ ಅರ್ಧ ಭಾಗ ಲಾರಿಕ್ ಆಮ್ಲ. ಅದರ ಕಣ ಸಣ್ಣದೂ ನೇರವೂ ಆಗಿರುವುದರಿಂದ ಕೂದಲಿನ ಒಳಗೆ ಇಳಿಯುತ್ತದೆ ಎಂದು ಅವರು ವಿವರಿಸಿದರು. ಆ ಸಂಶೋಧಕರು ತೆಂಗಿನೆಣ್ಣೆ ಮಾರುವ ಕಂಪೆನಿಯಲ್ಲಿಯೇ ಇದ್ದವರು ಎಂಬುದನ್ನೂ ಓದುಗರು ತಿಳಿದಿರಬೇಕು.

ಈ ಅಧ್ಯಯನದಲ್ಲಿ ಗಮನಿಸಬೇಕಾದ ವಿಷಯ, ಎಣ್ಣೆಯನ್ನು ತೊಳೆಯುವ ಮೊದಲು ಹಚ್ಚಿದಾಗಲೂ ಪ್ರಯೋಜನ ಸಿಕ್ಕಿತು ಎಂಬುದು. ಆದ್ದರಿಂದ ಮೀಯುವ ಒಂದೆರಡು ಗಂಟೆ ಮೊದಲು, ಅಥವಾ ಹಿಂದಿನ ರಾತ್ರಿ, ಕೂದಲಿನ ನಡುವಿನಿಂದ ತುದಿಯವರೆಗೆ ಹಚ್ಚಿದರೆ ಸಾಕು. ದಿನವಿಡೀ ನೆತ್ತಿಯಿಂದ ಎಣ್ಣೆ ಇಳಿಯುತ್ತಿರಬೇಕೆಂದಿಲ್ಲ. ಹೊಟ್ಟು ಇರುವವರಂತೂ ನೆತ್ತಿಗೆ ಎಣ್ಣೆ ಹಚ್ಚಿ ಬಿಡುವುದು ಬೇಡ. ಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಎಂಬ ಶಿಲೀಂಧ್ರ ಜಿಡ್ಡನ್ನೇ ತಿಂದು ಬದುಕುತ್ತದೆ.

ಹಸಿ ಕಾಯಿಯ ಹಾಲಿನಿಂದ ತೆಗೆಯುವ ಎಣ್ಣೆಯನ್ನು ಮಲಯಾಳದಲ್ಲಿ ಉರುಕ್ಕು ವೆಳಿಚ್ಚೆಣ್ಣ ಎನ್ನುತ್ತಾರೆ, ಅಂಗಡಿಯಲ್ಲಿ ಅದು ವರ್ಜಿನ್ ಕೋಕೊನಟ್ ಆಯಿಲ್. ಕಾಸರಗೋಡಿನಲ್ಲಿಯೇ ಇರುವ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ, ಇದನ್ನು ತಯಾರಿಸುವ ವಿಧಾನಗಳನ್ನು ರೂಪಿಸಿದೆ. ಪರಿಮಳ ಚೆನ್ನಾಗಿರುತ್ತದೆ, ಬೆಲೆ ಹೆಚ್ಚು. ತಲೆಗೆ ಹಚ್ಚಲು ಗಾಣದ ಒಳ್ಳೆಯ ಕೊಬ್ಬರಿ ಎಣ್ಣೆಯೂ ಸಾಕಾಗುತ್ತದೆ. ಲಾರಿಕ್ ಆಮ್ಲ ಎರಡರಲ್ಲೂ ಇದೆ.

2025ರಲ್ಲಿ ತೆಂಗಿನೆಣ್ಣೆಯ ಬೆಲೆ ಗಗನಕ್ಕೇರಿದಾಗ ಕಲಬೆರಕೆಯ ಭಯವೂ ಹೆಚ್ಚಿತು. ಗಾಜಿನ ಲೋಟದಲ್ಲಿ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿಡಿ. ಶುದ್ಧ ತೆಂಗಿನೆಣ್ಣೆ ಪೂರ್ತಿ ಗಟ್ಟಿಯಾಗುತ್ತದೆ. ಮೇಲೆ ನೀರಾದ ಪದರ ಉಳಿದರೆ ಬೇರೆ ಎಣ್ಣೆ ಸೇರಿದೆ ಎಂದರ್ಥ.

ಗೊಂಪು, ಸೀಗೆ, ಅಂಟುವಾಳ

ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ತೆಗೆಯುವ ಗೊಂಪು ನಮ್ಮ ಊರಿನ ಹಳೆಯ ಕಂಡೀಷನರ್. ಮಲಯಾಳಿಗಳು ಇದನ್ನು ತಾಳಿ ಎನ್ನುತ್ತಾರೆ. ಅದರ ಲೋಳೆ ಕೂದಲಿನ ಮೇಲೆ ತೆಳ್ಳಗಿನ ಪದರವಾಗಿ ಕೂತು ಸಿಕ್ಕು ಬಿಡಿಸಲು ಸುಲಭ ಮಾಡುತ್ತದೆ. ಗುಂಗುರು ಕೂದಲಿಗೆ ಇದು ಬಹಳ ಒಳ್ಳೆಯದು. ಸೋಸಿ ಬಳಸಿ, ಇಲ್ಲದಿದ್ದರೆ ಎಲೆಯ ಚೂರು ಹೆಕ್ಕುವುದರಲ್ಲಿ ಬೆಳಗು ಕಳೆದೀತು. ಆಯಾ ದಿನದ್ದನ್ನು ಆಯಾ ದಿನವೇ ಮುಗಿಸಿ.

ಸೀಗೆಕಾಯಿ ಮತ್ತು ಅಂಟುವಾಳದಲ್ಲಿ ಸಪೋನಿನ್ ಎಂಬ ನೊರೆ ಬರಿಸುವ ವಸ್ತು ಇದೆ. ಎರಡೂ ಕೊಳೆ ತೆಗೆಯುತ್ತವೆ. ಆದರೆ “ನೈಸರ್ಗಿಕ, ಆದ್ದರಿಂದ ಹಾನಿಯಿಲ್ಲ” ಎಂದು ತಿಳಿಯಬೇಡಿ. ಅಂಟುವಾಳ ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು. ಹೆಚ್ಚು ಬಳಸಿದರೆ ಗುಂಗುರು ಕೂದಲು ಹುಲ್ಲಿನಂತೆ ಒಣಗುತ್ತದೆ. ಸೀಗೆಪುಡಿ ತರಿತರಿಯಾಗಿದ್ದರೆ ಉಜ್ಜುವಾಗ ಎಳೆಗೆ ಗಾಯ ಮಾಡುತ್ತದೆ. ಪುಡಿಯನ್ನು ಕುದಿಸಿ, ಸೋಸಿ, ತಿಳಿಯನ್ನು ಮಾತ್ರ ಉಪಯೋಗಿಸಿ.

ಶ್ಯಾಂಪೂ ಬಾಟಲಿ ಓದುವ ಕ್ರಮ

ಇಲ್ಲಿ ನಮ್ಮ ಓದುಗರಿಗೆ ಒಂದು ತೊಂದರೆ ಇದೆ. ಜಾಹೀರಾತು ಮಲಯಾಳದಲ್ಲಿ, ಬಾಟಲಿಯ ಬೆನ್ನಿನ ಬರಹ ಇಂಗ್ಲಿಷಿನಲ್ಲಿ, ಅದೂ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ. ಅಮ್ಮನಿಗೆ ಓದಲಾಗುವುದಿಲ್ಲ, ಮಗಳಿಗೆ ಓದಿದರೂ ಅರ್ಥವಾಗುವುದಿಲ್ಲ. ಕೆಳಗಿನ ಕೆಲವು ಹೆಸರುಗಳನ್ನು ಗುರುತಿಟ್ಟುಕೊಂಡರೆ ಸಾಕು.

ಸೋಡಿಯಂ ಲಾರಿಲ್ ಸಲ್ಫೇಟ್: ಜಾಸ್ತಿ ನೊರೆ, ಗಟ್ಟಿಯಾಗಿ ತೊಳೆಯುತ್ತದೆ. ಎಣ್ಣೆ ಹೆಚ್ಚು ಹಚ್ಚುವ ನೇರ ಕೂದಲಿಗೆ ಸರಿ, ಒಣ ಗುಂಗುರು ಕೂದಲಿಗೆ ಅತಿಯಾಗುತ್ತದೆ. ಸೋಡಿಯಂ ಲಾರೆತ್ ಸಲ್ಫೇಟ್ ಇದಕ್ಕಿಂತ ಸೌಮ್ಯ.

ಕೋಕಮಿಡೋಪ್ರೊಪೈಲ್ ಬೀಟೇನ್, ಡೆಸಿಲ್ ಗ್ಲುಕೋಸೈಡ್: ಸೌಮ್ಯವಾಗಿ ತೊಳೆಯುವ ವಸ್ತುಗಳು. ಮೊದಲನೆಯದನ್ನು ಮಾಡುವುದೇ ತೆಂಗಿನೆಣ್ಣೆಯ ಆಮ್ಲಗಳಿಂದ. ಗುಂಗುರು ಕೂದಲಿನವರು ಇವು ಮೇಲಿನ ಸಾಲಿನಲ್ಲಿರುವ ಶ್ಯಾಂಪೂ ಹುಡುಕಬೇಕು.

ಗ್ಲಿಸರಿನ್: ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಹೆಚ್ಚಾದರೆ ಕೂದಲು ಉಬ್ಬಿ ಹರಡುತ್ತದೆ.

ಡೈಮೆಥಿಕೋನ್: ಇದು ಸಿಲಿಕೋನ್. ಕೂದಲನ್ನು ನುಣುಪು ಮಾಡುತ್ತದೆ, ಸಿಕ್ಕು ಬಿಡಿಸುತ್ತದೆ. ವಿಷವೇನಲ್ಲ. ಆದರೆ ಪದರ ಸೇರುತ್ತಾ ಹೋದರೆ ಕೂದಲು ಜೋತು ಬೀಳುತ್ತದೆ, ಆಗ ಒಮ್ಮೆ ಚೆನ್ನಾಗಿ ಶ್ಯಾಂಪೂ ಹಾಕಿ ತೆಗೆಯಬೇಕು.

ಪಟ್ಟಿಯಲ್ಲಿ ಹೆಚ್ಚು ಇರುವ ವಸ್ತು ಮೊದಲು, ಕಡಿಮೆ ಇರುವುದು ಕೊನೆಗೆ. ಮುಂಭಾಗದಲ್ಲಿ ಬಾದಾಮಿ, ಭೃಂಗರಾಜದ ದೊಡ್ಡ ಚಿತ್ರವಿದ್ದು ಪಟ್ಟಿಯಲ್ಲಿ ಅವು ಸುಗಂಧದ ನಂತರ ಬಂದರೆ ನೀವು ಕೊಡುವುದು ಚಿತ್ರದ ಬೆಲೆ. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಸಬೇಕಾದ ಕೊನೆಯ ದಿನಾಂಕ ಇಲ್ಲದ್ದನ್ನು ಕೊಳ್ಳಬೇಡಿ. ದೊಡ್ಡ ಬಾಟಲಿ ತರುವ ಮೊದಲು ಸಣ್ಣ ಪ್ಯಾಕೆಟ್ ತಂದು ನಾಲ್ಕಾರು ಸಲ ಬಳಸಿ ನೋಡಿ.

ತೊಳೆಯುವುದು, ಬಾಚುವುದು

ವಾರಕ್ಕೆ ಒಂದೋ ಎರಡೋ ಸಲ ಶ್ಯಾಂಪೂ ಸಾಕು. ಅದು ನೆತ್ತಿಗೆ ಮಾತ್ರ, ಕಂಡೀಷನರ್ ಅಥವಾ ಗೊಂಪು ತುದಿಗೆ. ಕಂಡೀಷನರ್ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರು ಮಾಡಿ ಮೇಲಕ್ಕೆ ಸಿಕ್ಕು ಬಿಡಿಸಿ. ಒರಟು ಬೈರಾಸಿನಿಂದ ತಿಕ್ಕಬೇಡಿ, ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ಒದ್ದೆ ಕೂದಲಿಗೆ ಜಡೆ ಹಾಕಿ ಶಾಲೆಗೆ ಕಳಿಸುವ ಅಭ್ಯಾಸ ನಮ್ಮಲ್ಲಿದೆ. ಮಳೆಗಾಲದಲ್ಲಿ ವಾಸನೆ ಮತ್ತು ತುರಿಕೆಗೆ ಅದೂ ಒಂದು ಕಾರಣ. ಶಾಲೆಯ ಹಿಂದಿನ ದಿನ ಸಂಜೆಯೇ ತಲೆಗೆ ಮೀಯಿಸಿ.

ನೇರ ಮಾಡಿಸುವ ಮುನ್ನ ಇದನ್ನು ಓದಿ

ರೀಬಾಂಡಿಂಗ್, ಸ್ಮೂತ್‌ನಿಂಗ್‌ಗಳಲ್ಲಿ ಕೂದಲಿನ ಒಳಗಿನ ಗಂಧಕದ ಬಂಧಗಳನ್ನು ರಾಸಾಯನಿಕದಿಂದ ಮುರಿದು, ಬಿಸಿ ಇಸ್ತ್ರಿಯಿಂದ ನೇರ ಮಾಡಿ, ಮತ್ತೆ ಜೋಡಿಸುತ್ತಾರೆ. ಮುರಿದದ್ದೆಲ್ಲ ಜೋಡಿಕೊಳ್ಳುವುದಿಲ್ಲ. ನಮ್ಮ ಹುಡುಗಿಗೆ ಆದದ್ದು ಇದೇ.

ಕೆರಾಟಿನ್ ಟ್ರೀಟ್‌ಮೆಂಟ್ ಎಂಬ ಹೆಸರಿನ ಹಲವು ದ್ರವಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತು ಎಂದು 2004ರಲ್ಲಿಯೇ ನಿರ್ಧರಿಸಿತ್ತು. “ಫಾರ್ಮಾಲಿನ್ ಇಲ್ಲ” ಎಂದು ಮಾರುವ ಕೆಲವದರಲ್ಲಿ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತದೆ. ಇದು ಇರುವ ಕ್ರೀಮಿನಿಂದ ಕೂದಲು ನೇರ ಮಾಡಿಸಿದ ಪ್ರತಿ ಸಲವೂ ಮೂತ್ರಪಿಂಡಕ್ಕೆ ಹಾನಿಯಾದ ಯುವತಿಯೊಬ್ಬಳ ಪ್ರಕರಣವನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ಪ್ರಕಟಿಸಿದರು.

ಅಮೆರಿಕದಲ್ಲಿ 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿದ ಅಧ್ಯಯನ 2022ರಲ್ಲಿ ಹೊರಬಂತು. ಕೂದಲು ನೇರ ಮಾಡುವ ರಾಸಾಯನಿಕವನ್ನು ವರ್ಷಕ್ಕೆ 4ಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರಿನ ಸಂಭವ ಎರಡು ಪಟ್ಟಿಗಿಂತಲೂ ಹೆಚ್ಚಿತ್ತು. ಇದೊಂದರಿಂದಲೇ ಕ್ಯಾನ್ಸರ್ ಬಂತು ಎಂದು ಆ ಅಧ್ಯಯನ ಹೇಳುವುದಿಲ್ಲ, ಒಮ್ಮೆ ಮಾಡಿಸಿದವರು ಹೆದರಬೇಕಾಗಿಯೂ ಇಲ್ಲ. ಆದರೆ ಪದೇ ಪದೇ ಮಾಡಿಸುವವರು ಯೋಚಿಸಬೇಕು. ಅಮೆರಿಕದ ಕಪ್ಪು ಜನರಲ್ಲಿ ಈ ಬಳಕೆ ಹೆಚ್ಚು. ಸಹಜ ಕೂದಲಿನಲ್ಲಿ ಬಂದವರಿಗೆ ಕೆಲಸದಲ್ಲಿ, ಶಾಲೆಯಲ್ಲಿ ಭೇದ ಮಾಡಬಾರದು ಎಂದು ಕ್ಯಾಲಿಫೋರ್ನಿಯ 2019ರಲ್ಲಿ ಕಾನೂನನ್ನೇ ತರಬೇಕಾಯಿತು. ಕೂದಲಿನ ಮೇಲಿನ ಒತ್ತಾಯ ನಮ್ಮಲ್ಲಿ ಮಾತ್ರ ಇರುವುದಲ್ಲ.

ಆದರೂ ಮಾಡಿಸಲೇಬೇಕೆಂದಿದ್ದರೆ ಬಳಸುವ ಬಾಟಲಿಯನ್ನು ತೋರಿಸಲು ಕೇಳಿ. ತೋರಿಸದ ಪಾರ್ಲರಿನಿಂದ ಎದ್ದು ಬನ್ನಿ. ಹೊಸ ಡೈ ಹಾಕುವ ಮುನ್ನ ಚೂರು ಕಿವಿಯ ಹಿಂದೆ ಹಚ್ಚಿ 48 ಗಂಟೆ ಕಾಯಿರಿ.

ವೈದ್ಯರ ಬಳಿ ಯಾವಾಗ?

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಹೆರಿಗೆಯಾಗಿ, ಅಥವಾ ದೊಡ್ಡ ಜ್ವರ ಬಂದು, ಎರಡು ಮೂರು ತಿಂಗಳಿಗೆ ಹೆಚ್ಚು ಉದುರಿ ಮತ್ತೆ ಬರುವುದೂ ಸಾಮಾನ್ಯ. ನಾಣ್ಯದಷ್ಟು ಜಾಗ ಬೋಳಾದರೆ, ನೆತ್ತಿಯಲ್ಲಿ ಹುಣ್ಣಾದರೆ, ಸುಸ್ತಿನ ಜೊತೆ ಕೂದಲು ತೆಳ್ಳಗಾದರೆ ಚರ್ಮರೋಗ ತಜ್ಞರನ್ನು ಕಾಣಿ. ರಕ್ತಹೀನತೆ, ಥೈರಾಯ್ಡ್ ಇದ್ದರೆ ಶ್ಯಾಂಪೂ ಬದಲಿಸಿ ಪ್ರಯೋಜನವಿಲ್ಲ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಕ್ಕನ ಮಗಳಿಗೆ ಈಗ ಬುಡದಿಂದ ಮುಕ್ಕಾಲು ಅಡಿ ಅವಳದೇ ಗುಂಗುರು ಬಂದಿದೆ. ನೇರವಾಗಿದ್ದ ತುದಿಯನ್ನು ಕಳೆದ ತಿಂಗಳು ಕತ್ತರಿಸಿಬಿಟ್ಟಳು. ಅವಳ ತಂಗಿಗೂ ಗುಂಗುರು ಕೂದಲೇ. ಅವಳ ಮದುವೆಯ ಮಾತು ಬಂದಾಗ ಈ ಬಾರಿ ಪಾರ್ಲರಿನ ವಿಷಯ ಯಾರೂ ಎತ್ತಲಿಲ್ಲ. ದಾಸವಾಳದ ಗಿಡ ಅಂಗಳದಲ್ಲಿಯೇ ಇದೆ.