ಸದ್ದು ಮಾಡದ ಗಣಕಯಂತ್ರ

ಅರವತ್ತೆಂಟು ವರ್ಷದ ನಿವೃತ್ತ ಕನ್ನಡ ಮೇಷ್ಟರೊಬ್ಬನು ಆಟವಾಡುವುದಕ್ಕೆಂದು ಗಣಕಯಂತ್ರವನ್ನು ಮಾಡಿಸಿಕೊಂಡನೆಂದರೆ ನಾಲ್ಕು ಜನ ನಗುವುದು ಸಹಜ. ನಮ್ಮ ಬೀದಿಯಲ್ಲಿ ನಕ್ಕದ್ದೂ ಆಯಿತು. ಹಾಲಿನಂಗಡಿಯವನು, “ಏನ್ ಮೇಷ್ಟ್ರೇ, ಈ ವಯಸ್ಸಿನಲ್ಲಿ ಗೇಮೇ?” ಎಂದು ಕೇಳಿದ. “ಹೌದಪ್ಪ, ಗೇಮೇ” ಎಂದೆ. ಅದಕ್ಕಿಂತ ಹೆಚ್ಚಿನ ವಿವರಣೆಯನ್ನು ಹಾಲಿನಂಗಡಿಯ ಮುಂದೆ ನಿಂತು ಕೊಡುವಂತಿರಲಿಲ್ಲ. ಅದನ್ನು ಇಲ್ಲಿ ಕೊಡುತ್ತಿದ್ದೇನೆ.

ನನ್ನ ಮಗ ಕೆನಡಾ ದೇಶದ ಟೊರಾಂಟೊ ನಗರದಲ್ಲಿದ್ದಾನೆ. ಅವನ ಮಗನಿಗೆ ಒಂಬತ್ತು ವರ್ಷ. ಟೆಲಿಫೋನಿನಲ್ಲಿ ಮಾತನಾಡು ಎಂದರೆ, “ಚೆನ್ನಾಗಿದೀನಿ ತಾತ, ಊಟ ಆಯ್ತು ತಾತ” ಎಂಬೆರಡು ವಾಕ್ಯಗಳಿಗೆ ಹುಡುಗನ ಮಾತಿನ ಗಂಟು ಬರಿದಾಗಿಬಿಡುತ್ತಿತ್ತು. ಅದು ಅವನ ತಪ್ಪಲ್ಲ. ಎದುರುಬದುರು ಕುಳಿತು ಮಾತನಾಡೆಂದರೆ ಹಿರಿಯರಿಗೇ ನಾಲಗೆ ಏಳುವುದಿಲ್ಲ. ಕೈಗೊಂದು ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆ. ಹಿಂದೆ ಅಜ್ಜಿಯರು ಅವರೆಕಾಯಿ ಸುಲಿಯುತ್ತ ಕಥೆ ಹೇಳುತ್ತಿದ್ದುದರ ಗುಟ್ಟು ಇದೇ ಇರಬೇಕು. ನನಗೂ ಮೊಮ್ಮಗನಿಗೂ ಅವರೆಕಾಯಿಗೆ ಬದಲಾಗಿ ಒದಗಿದ್ದು ವಿಮಾನ.

ಮೈಕ್ರೋಸಾಫ್ಟ್ ಸಂಸ್ಥೆಯವರು ೨೦೨೦ರಲ್ಲಿ ಹೊರತಂದ ‘ಫ್ಲೈಟ್ ಸಿಮ್ಯುಲೇಟರ್’ ಎಂಬ ಆಟವೊಂದುಂಟು. ಇದರಲ್ಲಿ ಯಾರನ್ನೂ ಕೊಲ್ಲುವುದಿಲ್ಲ, ಗೆಲ್ಲುವುದೂ ಇಲ್ಲ. ವಿಮಾನ ನಡೆಸಿಕೊಂಡು ಹೋಗುವುದಷ್ಟೆ. ಆದರೆ ಕೆಳಗೆ ಕಾಣುವ ನೆಲ ಕಲ್ಪನೆಯದಲ್ಲ. ಆಕಾಶದಿಂದ ತೆಗೆದ ನಿಜವಾದ ಚಿತ್ರಗಳನ್ನು ಅಂತರ್ಜಾಲದ ಮೂಲಕ ತರಿಸಿಕೊಂಡು ಕಟ್ಟಿದ ಭೂಮಿ. ದೂರದೂರದಲ್ಲಿರುವ ಇಬ್ಬರು ಬೇರೆಬೇರೆ ವಿಮಾನಗಳಲ್ಲಿ ಜೊತೆಯಾಗಿ ಹಾರಬಹುದು. ಬೇಸಗೆಯಲ್ಲಿ ಟೊರಾಂಟೊದ ಶನಿವಾರ ಸಂಜೆ ಏಳೂವರೆಯೆಂದರೆ ನಮಗೆ ಭಾನುವಾರ ಬೆಳಗಿನ ಐದು ಗಂಟೆ. ಹೀಗೆ ಪ್ರತಿ ಭಾನುವಾರ ಬ್ರಾಹ್ಮೀ ಮುಹೂರ್ತದಲ್ಲಿ ನಾವಿಬ್ಬರೂ ಒಂಟಿ ಎಂಜಿನಿನ ಪುಟ್ಟ ಸೆಸ್ನಾ ವಿಮಾನಗಳನ್ನೇರಿ ಹೊರಡುತ್ತಿದ್ದೆವು. ಹಂಪೆಯ ಬಂಡೆಗಳ ಮೇಲೆ ಹಾರಿದೆವು; ಕಾವೇರಿಯ ಜಾಡು ಹಿಡಿದು ಶ್ರೀರಂಗಪಟ್ಟಣ ಕಂಡೆವು. “ತಾತ, ಆ ನದಿ ಎರಡಾಗಿ ಮತ್ತೆ ಯಾಕೆ ಒಂದಾಯ್ತು?” ಎಂದು ಹುಡುಗ ಕೇಳಿದ. ಎರಡು ವಾಕ್ಯಗಳ ಹುಡುಗನೇ ಇವನು ಎಂದು ನನಗೆ ಆಶ್ಚರ್ಯವಾಯಿತು.

ಆದರೆ ಯಂತ್ರ ಹಳೆಯದು. ಮಗ ವಿದೇಶಕ್ಕೆ ಹೋಗುವಾಗ ಬಿಟ್ಟುಹೋದದ್ದು. ಆಟ ಶುರುವಾಗಿ ಐದು ನಿಮಿಷವಾಗುವುದರೊಳಗೆ ಹಿಟ್ಟಿನ ಗಿರಣಿಯಂತೆ ಮೊರೆಯುತ್ತಿತ್ತು. ನಮ್ಮದು ಒಂದು ಹಾಲು, ಒಂದು ಕೋಣೆಯ ಮನೆ. ಹಾಲಿನಲ್ಲಿಯೇ ನನ್ನಾಕೆಯ ಮಂಚ. ಮೂರು ವರ್ಷದ ಹಿಂದೆ ಆಕೆಗೆ ಪಾರ್ಶ್ವವಾಯು ತಗುಲಿ, ಬಲಗಡೆಯ ಶಕ್ತಿ ಅರ್ಧದಷ್ಟು ಹಿಂದಿರುಗಿತು. ದನಿ ಮಾತ್ರ ಹಿಂದಿರುಗಲಿಲ್ಲ. ಬೀದಿಯ ಕೊನೆಯಲ್ಲಿದ್ದ ತರಕಾರಿಯವನನ್ನು ಬಾಗಿಲಲ್ಲಿಯೇ ನಿಂತು ಕರೆಯುತ್ತಿದ್ದ ಹೆಂಗಸು, ಈಗ ಮಾತನಾಡಿದರೆ ಪಕ್ಕದಲ್ಲಿದ್ದವರು ಬಾಗಿ ಕೇಳಬೇಕು. ಯಂತ್ರದ ಗದ್ದಲ ತಡೆಯಲಾರದೆ ನಾನು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಆಡುತ್ತಿದ್ದೆ.

ಒಂದು ಭಾನುವಾರ ಆಕೆ ನೀರು ಕೇಳಿದಳಂತೆ. ಎಷ್ಟು ಸಲ ಕೇಳಿದಳೆಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ತಾನೇ ಏಳಹೋಗಿ ಬಿದ್ದಳು. ನಾನು ಆರಡಿ ದೂರದಲ್ಲಿ ಆಕೆಗೆ ಬೆನ್ನು ಮಾಡಿ ಕುಳಿತು ಸಹ್ಯಾದ್ರಿಯ ಮೇಲೆ ಹಾರುತ್ತಿದ್ದೆ. ಮಣಿಕಟ್ಟಿನ ಮೂಳೆ ಬಿರುಕುಬಿಟ್ಟು ಆರು ವಾರ ಪಟ್ಟಿ ಹಾಕಿಸಬೇಕಾಯಿತು. ಅಂದಿನಿಂದ ನಾನು ಯಂತ್ರವನ್ನು ಮುಟ್ಟಲಿಲ್ಲ. ಮೊಮ್ಮಗನಿಗೆ ‘ಕಂಪ್ಯೂಟರು ಕೆಟ್ಟಿದೆ’ ಎಂದು ಸುಳ್ಳು ಹೇಳಿದೆ. ಅವನು ಮತ್ತೆ ಎರಡು ವಾಕ್ಯಗಳಿಗೆ ಇಳಿದ.

ಆಕೆಯನ್ನು ನೋಡಿಹೋಗಲು ನನ್ನ ಬಾಲ್ಯಸ್ನೇಹಿತ ಬಂದದ್ದು ಆ ದಿನಗಳಲ್ಲಿ. ತುಮಕೂರಿನ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ನಾನು ವ್ಯಾಕರಣದ ಕಡೆ ಹೊರಳಿದೆ. ಅವನು ಕಾರ್ಖಾನೆಯೊಂದರ ರಿಪೇರಿ ವಿಭಾಗ ಸೇರಿ ಮೂವತ್ತೈದು ವರ್ಷ ಯಂತ್ರಗಳ ನಾಡಿ ನೋಡಿದ. ನಿವೃತ್ತನಾದ ಮೇಲೆ ಸುತ್ತಮುತ್ತಣ ಹುಡುಗರಿಗೆ ಕಂಪ್ಯೂಟರು ಜೋಡಿಸಿಕೊಡುವುದು ಅವನ ವ್ಯಸನ. ನಡೆದದ್ದನ್ನು ಹೇಳಿದೆ. ಸಮಾಧಾನದ ಮಾತು ಒಂದೂ ಆಡದೆ, “ಎಲ್ಲಿ, ಅದನ್ನ ಹಾಕು ನೋಡೋಣ” ಎಂದ.

ಯಂತ್ರ ಮೊರೆಯತೊಡಗಿತು. ಅವನು ಜೇಬಿನಿಂದ ಉದ್ದನೆಯ ಸ್ಕ್ರೂಡ್ರೈವರು ತೆಗೆದು, ಅದರ ಮೊನೆಯನ್ನು ಪೆಟ್ಟಿಗೆಯ ಮೈಗೂ ಹಿಡಿಯನ್ನು ತನ್ನ ಕಿವಿಗೂ ಒತ್ತಿ, ವೈದ್ಯರು ಎದೆ ಪರೀಕ್ಷಿಸುವಂತೆ ಅಲ್ಲಲ್ಲಿ ಆಲಿಸಿದ. ಯಂತ್ರದ ಸದ್ದಡಗಿಸಲು ನಾನು ಹಿಂದೊಮ್ಮೆ ಅದಕ್ಕೆ ರಜಾಯಿ ಹೊದಿಸಿದ್ದನ್ನೂ, ಅದು ಇನ್ನೂ ಜೋರಾಗಿ ಮೊರೆದು ತಾನಾಗಿಯೇ ನಿಂತುಹೋದದ್ದನ್ನೂ ಹೇಳಿದಾಗ ಅವನಿಗೆ ನಗು ತಡೆಯಲಾಗಲಿಲ್ಲ. “ಜ್ವರ ಬಂದವನಿಗೆ ಕಂಬಳಿ ಹೊದಿಸಿ ಬಾಯಿ ಮುಚ್ಚಿದ ಹಾಗಾಯ್ತಲ್ಲೋ! ಬೆಂಕಿ ಬೀಳದೆ ಇದ್ದದ್ದು ನಿನ್ನ ಪುಣ್ಯ. ಅದು ಸದ್ದು ಮಾಡೋದು ಸೆಖೆಗೆ ಕಣೋ” ಎಂದ.

ಆಮೇಲೆ ಅವನು ತಿಳಿಸಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಪರದೆಯ ಮೇಲೆ ಸುಮಾರು ೨೦ ಲಕ್ಷ ಚುಕ್ಕೆಗಳಿವೆ. ಯಂತ್ರವು ಪ್ರತಿಯೊಂದು ಚುಕ್ಕೆಯ ಬಣ್ಣವನ್ನೂ ಲೆಕ್ಕಹಾಕಿ ಸೆಕೆಂಡಿಗೆ ೬೦ ಚಿತ್ರ ಬರೆಯಲು ಹೆಣಗುತ್ತದೆ. ಲೆಕ್ಕದ ಮುಖ್ಯ ಭಾಗಕ್ಕೆ ೬೫ ವ್ಯಾಟು, ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡಿಗೆ ೧೧೫ ವ್ಯಾಟು ವಿದ್ಯುತ್ತು ಬೇಕೆಂದುಕೊಂಡರೆ, ಅಷ್ಟೂ ಕೊನೆಗೆ ಶಾಖವಾಗುತ್ತದೆ. ೬೦ ವ್ಯಾಟಿನ ಹಳೆಯ ಬಲ್ಬು ಮೂರನ್ನು ಒಂದು ತಗಡಿನ ಡಬ್ಬದೊಳಗೆ ಉರಿಸಿಟ್ಟ ಹಾಗೆ. ಶಾಖವನ್ನು ಹೊರದೂಡಲು ಫ್ಯಾನು ಬೇಕು. ಫ್ಯಾನು ಪುಟ್ಟದಾದರೆ ಹುಚ್ಚುಹಿಡಿದಂತೆ ತಿರುಗಬೇಕು. ಅದರ ವೇಗವನ್ನು ಅರ್ಧಕ್ಕಿಳಿಸಿದರೆ ಸದ್ದು ಸುಮಾರು ೧೫ ಡೆಸಿಬೆಲ್ಲಿನಷ್ಟು ಇಳಿಯುತ್ತದೆ. ಹತ್ತು ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆ. ಆದ್ದರಿಂದ ೮೦ ಮಿಲಿಮೀಟರಿನ ಫ್ಯಾನು ತೆಗೆದು ೧೪೦ ಮಿಲಿಮೀಟರಿನದನ್ನು ಹಾಕಿದರೆ, ಅದರ ವಿಸ್ತಾರ ಸುಮಾರು ಮೂರು ಪಟ್ಟಾಗಿ, ನಿಧಾನವಾಗಿ ತಿರುಗಿಯೂ ಬೇಕಾದಷ್ಟು ಗಾಳಿ ನೂಕುತ್ತದೆ. ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚುವುದಲ್ಲ, ಉಸಿರಾಡಲು ಬಿಡುವುದೇ ಮದ್ದು.

ಮುಂದಿನ ವಾರ ಇಬ್ಬರೂ ಸಾದರ ಪತ್ರಪ್ಪ ರಸ್ತೆಗೆ ಹೋದೆವು. ಬೆಂಗಳೂರಿನವರು ಎಸ್.ಪಿ. ರೋಡೆಂದು ಕರೆಯುವ ಈ ಬೀದಿಯಲ್ಲಿ ವಿದ್ಯುತ್ತಿನ ಸಾಮಾನು ಸಿಕ್ಕದೆಂಬ ಮಾತಿಲ್ಲ. ನನ್ನ ಗೆಳೆಯ ಮದುವೆಗೆ ಹೆಣ್ಣು ನೋಡಲು ಹೋದ ಸೋದರಮಾವನಂತೆ ಅಂಗಡಿಯಿಂದ ಅಂಗಡಿಗೆ ಹತ್ತಿಳಿದ. ಮುಂಭಾಗ ಪೂರ್ತಿ ಜಾಲರಿಯಾಗಿದ್ದ ಪೆಟ್ಟಿಗೆಯೊಂದನ್ನು ಆರಿಸಿದ. ನಿಮಿಷಕ್ಕೆ ೭೨೦೦ ಸುತ್ತು ತಿರುಗುತ್ತಿದ್ದ ಹಳೆಯ ಹಾರ್ಡ್ ಡಿಸ್ಕಿಗೆ ಬದಲಾಗಿ, ತಿರುಗುವ ಭಾಗವೇ ಇಲ್ಲದ ಹೊಸ ಬಗೆಯದನ್ನು ಕೊಂಡ. ಹೊರೆ ಕಡಮೆಯಿದ್ದಾಗ ತನ್ನ ಫ್ಯಾನನ್ನು ತಾನೇ ನಿಲ್ಲಿಸಿಕೊಳ್ಳುವ ಪವರ್ ಸಪ್ಲೈಯನ್ನು ಕೊಂಡ. ತಾಮ್ರದ ಕೊಳವೆಗಳಿದ್ದ ಶಾಖಹಾರಿಯೊಂದನ್ನು ತೋರಿಸಿ, “ಇದರೊಳಗೆ ನಾಲ್ಕು ತೊಟ್ಟು ನೀರಿದೆ, ಗೊತ್ತೇನು?” ಎಂದ. ಬಿಸಿಯಾದ ತುದಿಯಲ್ಲಿ ನೀರು ಆವಿಯಾಗಿ, ತಣ್ಣಗಿರುವ ರೆಕ್ಕೆಗಳ ಕಡೆಗೆ ಹೋಗಿ ಶಾಖ ಬಿಟ್ಟು ಹನಿಗೂಡಿ, ಕೊಳವೆಯ ಒಳಮೈಯ ಬತ್ತಿಯಂಥ ಪದರದ ಮೂಲಕ ಹಿಂದಿರುಗುತ್ತದೆಯಂತೆ. ಇಡ್ಲಿಪಾತ್ರೆಯ ಮುಚ್ಚಳದಲ್ಲಿ ದಿನವೂ ಕಾಣುವ ಸಂಗತಿಯೇ ಅಲ್ಲವೆ ಇದು!

ಫ್ಯಾನುಗಳು ಮಾತ್ರ ಆಸ್ಟ್ರಿಯಾ ದೇಶದ ‘ನಾಕ್ಟುವಾ’ ಎಂಬುವರವು. ಕಾಚಿನ ಬಣ್ಣ, ನೋಡಲು ಅಂದವಿಲ್ಲ. ಲ್ಯಾಟಿನ್ನಿನಲ್ಲಿ ಆ ಹೆಸರಿಗೆ ಗೂಬೆಯೆಂದು ಅರ್ಥ. ಗೂಬೆಯ ರೆಕ್ಕೆಯ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿರುವುದರಿಂದ ಅದು ಸದ್ದಿಲ್ಲದೆ ಹಾರುತ್ತದೆ. ಮನೆಗೆ ಬಂದು ಇದನ್ನು ವರ್ಣಿಸಿದಾಗ ನನ್ನಾಕೆ, “ಮನೆಯೊಳಗೆ ಗೂಬೆ ತಂದಿರಾ?” ಎಂದಳು. ಬಿದ್ದ ಮೇಲೆ ಆಕೆ ಆಡಿದ ಮೊದಲ ಹಾಸ್ಯ ಅದು.

ಸಾಮಾನಿನ ಬೆಲೆ ನನ್ನ ಮೂರು ತಿಂಗಳ ಪಿಂಚಣಿಯನ್ನು ನುಂಗಿತು. ಕೂಲಿಯ ಮಾತೆತ್ತಿದರೆ ಗೆಳೆಯ ಸ್ಕ್ರೂಡ್ರೈವರನ್ನೇ ನನ್ನ ಕಡೆ ಚಾಚಿದ. ಗಣಕಯಂತ್ರದ ಪಿತಾಮಹನೆಂದು ಹೆಸರಾದ ಚಾರ್ಲ್ಸ್ ಬ್ಯಾಬೇಜನು ಇದನ್ನೆಲ್ಲ ನೋಡಿದ್ದರೆ ಸಂತೋಷಪಡುತ್ತಿದ್ದನೆಂದು ತೋರುತ್ತದೆ. ಆತ ಸದ್ದಿನ ಕಡುವೈರಿ. ಲಂಡನ್ನಿನ ಬೀದಿಗಳಲ್ಲಿ ಹಿಡಿ ತಿರುಗಿಸಿ ಪೆಟ್ಟಿಗೆವಾದ್ಯ ನುಡಿಸುತ್ತಿದ್ದವರು ತನ್ನ ಕೆಲಸ ಕೆಡಿಸುತ್ತಾರೆಂದು ವರ್ಷಗಟ್ಟಲೆ ಕಾದಾಡಿದ. ೧೮೬೪ರಲ್ಲಿ ಬೀದಿಯ ಸಂಗೀತವನ್ನು ಹದ್ದಿನಲ್ಲಿಡುವ ಕಾಯಿದೆ ಹುಟ್ಟಲು ಆತನೂ ಕಾರಣ. ಸದ್ದನ್ನು ಅಷ್ಟು ದ್ವೇಷಿಸಿದವನ ಸಂತತಿ ಗಿರಣಿಯಂತೆ ಮೊರೆಯುವುದು ವಿಧಿಯ ವಿನೋದ.

ಯಂತ್ರ ಸಿದ್ಧವಾದ ದಿನ ಅದನ್ನು ಹಾಲಿನಲ್ಲಿಟ್ಟು, ಆಟ ಹಾಕಿ, ಅರ್ಧ ಗಂಟೆ ಓಡಲು ಬಿಟ್ಟೆವು. ಮೊಬೈಲಿನಲ್ಲಿ ಸದ್ದನ್ನು ಅಳೆಯುವ ಸಾಧನವುಂಟು; ನನ್ನ ಗೆಳೆಯ ಅದನ್ನು ತೆಗೆಯಲೇ ಇಲ್ಲ. ನನ್ನನ್ನು ಪರದೆಯ ಮುಂದೆ ಕೂರಿಸಿ, ತಾನು ಮಂಚದ ಬಳಿ ನಿಂತು, “ಅಮ್ಮಾ, ಇವನನ್ನು ಕರೀರಿ. ಬಲವಂತವಾಗಿ ಬೇಡ, ದಿನಾ ಕರೆಯೋ ಹಾಗೆ” ಎಂದ.

“ರೀ” ಎಂದಳು ಆಕೆ.

ಕೇಳಿಸಿತು. ಆದರೆ ನಾನು ತಿರುಗುವುದರೊಳಗೆ ಆಕೆಯೇ ಮುಖ ಸಿಂಡರಿಸಿ, “ಅದೇನೋ ಕೀ ಅನ್ನುತ್ತೆ” ಎಂದಳು. ನಮ್ಮಿಬ್ಬರಿಗೂ ಏನೂ ಕೇಳಿಸದು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಅತಿ ತಾರಸ್ವರಗಳನ್ನು. ಆಕೆಗೆ ಅವು ಉಳಿದಿದ್ದವು. ಗೆಳೆಯ ತಲೆದೂಗಿದ. ಗ್ರಾಫಿಕ್ಸ್ ಕಾರ್ಡಿನೊಳಗಿನ ತಂತಿಯ ಸುರುಳಿಗಳು ವಿದ್ಯುತ್ತಿನ ಏರಿಳಿತಕ್ಕೆ ನಡುಗಿ ಹಾಗೆ ಕಿರುಗುಟ್ಟುವುದುಂಟಂತೆ. “ನಿನ್ನ ವಿಮಾನಕ್ಕೆ ಸೆಕೆಂಡಿಗೆ ಅರವತ್ತು ಚಿತ್ರ ಯಾತಕ್ಕೋ? ಮೂವತ್ತು ಸಾಕು” ಎಂದು ಮಿತಿ ಹಾಕಿದ. ಶಾಖವೂ ಇಳಿಯಿತು, ಕೀರಲೂ ಅಡಗಿತು. ಆಕೆ ಕಣ್ಣು ಮುಚ್ಚಿ ಆಲಿಸಿ, “ಈಗ ಸರಿ” ಎಂದ ಮೇಲೆಯೇ ಅವನು ಕಾಫಿಯ ಲೋಟ ಕೈಗೆತ್ತಿಕೊಂಡದ್ದು.

ಭಾನುವಾರ ಐದು ಗಂಟೆಗೆ ಮೊಮ್ಮಗ ಬಂದ. ಹೆಡ್‌ಫೋನು ಇಲ್ಲ, ಮೇಜಿನ ಮೇಲೆ ಸಣ್ಣದೊಂದು ಮೈಕು, ಎರಡು ಪುಟ್ಟ ಸ್ಪೀಕರುಗಳು. ಶೃಂಗೇರಿಯಿಂದ ಹೊರಟು ತುಂಗೆಯ ಜಾಡು ಹಿಡಿದು, ಅದು ಭದ್ರೆಯನ್ನು ಕೂಡುವ ಕೂಡಲಿಯವರೆಗೆ ಹೋಗುವುದೆಂದು ನಿಶ್ಚಯಿಸಿದೆವು. ಆ ಕಡೆಯ ಹಳ್ಳಿಯೊಂದು ನನ್ನಾಕೆಯ ತವರು. ತೀರ್ಥಹಳ್ಳಿ ದಾಟಿತು, ಮಂಡಗದ್ದೆ ದಾಟಿತು, ಗಾಜನೂರಿನ ಅಣೆಕಟ್ಟು ಕಾಣಿಸಿತು. ಅಲ್ಲಿಂದ ಮುಂದೆ ನೀರಿನ ಗೆರೆಯೊಂದನ್ನು ಹಿಡಿದು ನಾನು ಮುಂದೆ, ಹುಡುಗ ಹಿಂದೆ. ಸ್ವಲ್ಪ ಹೊತ್ತಾದರೂ ಶಿವಮೊಗ್ಗ ಬರಲಿಲ್ಲ. ನಾನು ನಕ್ಷೆಯಲ್ಲಿ ಮುಳುಗಿದ್ದೆ.

“ತಾತ, ಅಜ್ಜಿ ಏನೋ ಹೇಳ್ತಿದಾರೆ” ಎಂದ ಹುಡುಗ.

ನನಗೆ ಕೇಳಿಸಿರಲಿಲ್ಲವೆಂದಲ್ಲ, ಕಿವಿಗೆ ಬಿದ್ದದ್ದು ಮನಸ್ಸಿಗೆ ಇಳಿದಿರಲಿಲ್ಲ. ಸಪ್ತಸಾಗರದಾಚೆ ಕುಳಿತ ಒಂಬತ್ತು ವರ್ಷದ ಹುಡುಗನಿಗೆ ಆಕೆಯ ದನಿ ಮುಟ್ಟಿತ್ತು. ಹಳೆಯ ಯಂತ್ರದ ಕಾಲದಲ್ಲಿ ಫ್ಯಾನಿನ ಮೊರೆತವನ್ನು ಸೋಸಿ ತೆಗೆಯುವ ಏರ್ಪಾಟು ಆಕೆಯ ಮೆಲುದನಿಯನ್ನೂ ಸೋಸಿಬಿಡುತ್ತಿತ್ತು. ಅಜ್ಜಿಯೂ ಅದೇ ಹಾಲಿನಲ್ಲಿರುತ್ತಾರೆಂದು ಹುಡುಗನಿಗೆ ತಿಳಿದೇ ಇರಲಿಲ್ಲ. ತಿರುಗಿ ನೋಡಿದೆ. ಆಕೆ ದಿಂಬಿಗೊರಗಿ ಪರದೆಯನ್ನೇ ದಿಟ್ಟಿಸುತ್ತಿದ್ದಳು.

“ಅದು ನಾಲೆ. ಹೊಳೆಯಲ್ಲ. ಹಿಂದಕ್ಕೆ ಬನ್ನಿ” ಎಂದಳು.

ಇಬ್ಬರೂ ವಿಮಾನಗಳನ್ನು ಹಿಂದಕ್ಕೆ ತಿರುಗಿಸಿ ಹೊಳೆಯನ್ನು ಹುಡುಕಿಕೊಂಡೆವು. ಶಿವಮೊಗ್ಗದ ಸೇತುವೆ ದಾಟಿದ ಮೇಲೆ ಬಲಗಡೆಯಿಂದ ಭದ್ರೆ ಬಂದು ಸೇರಿದಳು. “ಅಜ್ಜಿ, ನಿಮ್ಮ ಮನೆ ಎಲ್ಲಿ?” ಎಂದು ಹುಡುಗ ಕೇಳಿದ. ಆಕೆ ಹೇಳಿದಳು, ಹೊಳೆಯ ದಂಡೆ, ಮಾವಿನ ತೋಪು, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತಿತ್ತು, ಎಲ್ಲವನ್ನೂ ಹೇಳಿದಳು. ಮಧ್ಯೆ ಮಧ್ಯೆ ದಣಿದು ನಿಲ್ಲಿಸಿದಳು. ನಿಲ್ಲಿಸಿದಾಗ ಮನೆಯಲ್ಲಿ ಗೋಡೆಯ ಗಡಿಯಾರದ ಸದ್ದು ಮಾತ್ರ ಇತ್ತು. ಹುಡುಗ ಕಾದುಕೊಂಡಿದ್ದ.

ಈಗ ಮಂಚವನ್ನು ಪರದೆ ಕಾಣುವ ಹಾಗೆ ತಿರುಗಿಸಿದ್ದೇವೆ. ಭಾನುವಾರ ಕರೆ ಬಂದಾಗ ಹುಡುಗ ಮೊದಲು ಕೇಳುವುದು, “ಅಜ್ಜಿ ಎದ್ದಿದಾರಾ?” ಎಂದು.