ಮೋಡ ಕವಿದ ಮೂರನೆಯ ದಿನ: ಸೋಲಾರ್ ಮನೆಗೆ ಎಂಥ ಜನರೇಟರ್?

ಹೊಸೂರಿನಿಂದ ಡೆಂಕಣಿಕೋಟೆ, ಅಂಚೆಟ್ಟಿ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೋಡಿ. ಕಾರ್ಖಾನೆಗಳು, ಗುಲಾಬಿ ಬೆಳೆಯುವ ಪಾಲಿಹೌಸುಗಳು ಹಿಂದೆ ಸರಿದ ಮೇಲೆ ರಾಗಿ ಹೊಲ, ಹುಣಸೆ ಮರ, ಬಂಡೆಗುಡ್ಡ. ನಡುವೆ ಅಲ್ಲೊಂದು ಇಲ್ಲೊಂದು ಒಂಟಿ ತೋಟದ ಮನೆ. ಕೆಲವು ಮನೆಗಳ ಮಾಳಿಗೆ ಮೇಲೆ ಸೋಲಾರ್ ಹಲಗೆಗಳು. ಲೈಟು ಕಂಬ ಅರ್ಧ ಮೈಲಿ ಆಚೆಗೇ ನಿಂತುಬಿಟ್ಟಿದೆ. ಕಂಬ ಹಾಕಿಸುವ ಖರ್ಚಿಗೆ ಹೆದರಿಯೋ, ಕಾಡಿನ ಅಂಚಾದ್ದರಿಂದ ಲೈನು ಬರುವುದು ತಡವಾಗಿಯೋ, ಇಂಥವರು ಇ.ಬಿ.ಯವರ ದಾರಿ ಕಾಯುವುದು ಬಿಟ್ಟು ಸೂರ್ಯನನ್ನೇ ನಂಬಿದ್ದಾರೆ.

ನಂಬಿದವರನ್ನು ಸೂರ್ಯ ವರ್ಷದ ಬಹುಪಾಲು ದಿನ ಕೈಬಿಡುವುದಿಲ್ಲ. ತೊಂದರೆ ಏನಿದ್ದರೂ ಉಳಿದ ಕೆಲವು ದಿನಗಳದು. ಆ ಕೆಲವು ದಿನಕ್ಕೆಂದು ಜನ ಜನರೇಟರ್ ಕೊಳ್ಳುತ್ತಾರೆ. ಕೊಳ್ಳುವಾಗ ಬಹಳ ಮಂದಿ ಮಾಡುವ ತಪ್ಪು ಒಂದೇ.

ತಳಿ ರಸ್ತೆಯಿಂದ ಒಳಗೆ ಹೋದರೆ ಸಿಗುವ ಒಂದು ತೋಟದ ಮನೆಯಲ್ಲಿ ಆ ತಪ್ಪನ್ನು ಕಣ್ಣಾರೆ ಕಂಡೆ. ದನದ ಕೊಟ್ಟಿಗೆಯ ಪಕ್ಕ ಏಳೂವರೆ ಕೆ.ವಿ.ಎ. ಡೀಸೆಲ್ ಸೆಟ್ಟು, ಆನೆ ಮರಿಯ ಹಾಗೆ ಕೂತಿತ್ತು. ಸೈಲೆನ್ಸರಿನ ಬಾಯಿಂದ ಕಪ್ಪು ಎಣ್ಣೆ ಜಿನುಗಿ ಗೋಡೆಯೆಲ್ಲ ಮಸಿ.

“ಹೊಸೂರ್ನಾಗೆ ಸೆಕೆಂಡ್ ಹ್ಯಾಂಡ್ ಸಿಕ್ತು ಸಾರ್, ತಕ್ಕೊಂಡ್ ಬಂದ್ವಿ. ದೊಡ್ಡದಿದ್ರೆ ಒಳ್ಳೇದಲ್ವಾ ಅಂದ್ರು ಅಂಗಡಿಯೋರು. ಈಗ ನೋಡಿದ್ರೆ ಎರಡು ಲೈಟು, ಒಂದು ಫ್ರಿಜ್ಜಿಗೆ ಇದು ಗುಡುಗುಡು ಅಂತೈತೆ. ಡೀಸೆಲ್ ಮಾತ್ರ ಕುಡೀತೈತೆ,” ಎಂದರು ಮನೆಯ ಯಜಮಾನರು.

ಫ್ರಿಜ್ಜಿನ ಮಾತು ಸುಮ್ಮನೆ ಬಂದದ್ದಲ್ಲ. ಅದರೊಳಗೆ ಅವರ ತಾಯಿಯ ಇನ್ಸುಲಿನ್ ಇದೆ. ಅಂಗಳದ ಎರಡು ದೀಪಗಳೂ ಶೋಕಿಗೆ ಇಟ್ಟವಲ್ಲ. ಮಳೆಗಾಲ ಮುಗಿಯುತ್ತಾ ಬಂದಂತೆ ಬನ್ನೇರುಘಟ್ಟದ ಕಡೆಯ ಆನೆ ಹಿಂಡುಗಳು ಜವಳಗಿರಿ ಕಾಡಿಗೆ ಬರುತ್ತವೆ. ಅಲ್ಲಿಂದ ಸಾನಮಾವಿನ ತನಕವೂ ಅಡ್ಡಾಡುತ್ತವೆ. ರಾಗಿ ತೆನೆ ಬಲಿಯುವುದು, ಆನೆ ಬರುವುದು, ಮೋಡ ಕವಿಯುವುದು, ಮೂರೂ ಹೆಚ್ಚುಕಮ್ಮಿ ಒಂದೇ ಕಾಲ. ಬೆಳಕು ಬೇಕೇ ಬೇಕಾದ ಹೊತ್ತಿನಲ್ಲೇ ಬ್ಯಾಟರಿ ಕೈಕೊಡುತ್ತದೆ.

ಮೊದಲು ಪುಸ್ತಕ, ಆಮೇಲೆ ಅಂಗಡಿ

ಈ ಗಡಿಭಾಗದಲ್ಲಿ ಇನ್ನೊಂದು ಪೇಚು. ಇನ್ವರ್ಟರ್ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿ, ಅಂಗಡಿಯವರ ವಿವರಣೆ ತಮಿಳಿನಲ್ಲಿ, ಮನೆಯ ಲೆಕ್ಕ ಕನ್ನಡದಲ್ಲಿ. ಮೂರೂ ಒಂದು ಕಡೆ ಕೂಡುವುದೇ ಇಲ್ಲ. ಆದ್ದರಿಂದ ಕನ್ನಡದಲ್ಲೇ ಒಂದು ಸಲ ಲೆಕ್ಕ ಹಾಕಿಬಿಡೋಣ.

ಒಂದು ಸಾಧಾರಣ ತೋಟದ ಮನೆ. ಎಂಟು ಎಲ್‌ಇಡಿ ದೀಪ ಐದು ಗಂಟೆ ಉರಿದರೆ ಸುಮಾರು 360 ವಾಟ್-ಗಂಟೆ. ಎರಡು ಹಳೇ ಮಾದರಿಯ ಫ್ಯಾನು ಆರು ಗಂಟೆ ತಿರುಗಿದರೆ 840. ಟಿ.ವಿ. ಮೂರು ಗಂಟೆಗೆ 180. ಸಣ್ಣ ಫ್ರಿಜ್ಜು ದಿನಕ್ಕೆ 800 ಎಂದಿಟ್ಟುಕೊಳ್ಳಿ. ಮಿಕ್ಸಿ, ಮೊಬೈಲು, ಇಂಟರ್ನೆಟ್ಟು ಎಲ್ಲ ಸೇರಿ 320. ಕೂಡಿದರೆ 2500 ವಾಟ್-ಗಂಟೆ, ಅಂದರೆ ಎರಡೂವರೆ ಯೂನಿಟ್. ಇನ್ವರ್ಟರ್ ತಾನೂ ಒಂದಿಷ್ಟು ತಿನ್ನುತ್ತದೆ. ದಿನಕ್ಕೆ ಮೂರು ಯೂನಿಟ್ ಎಂದು ಬರೆದುಕೊಳ್ಳಿ.

ಈಗ ದಾಸ್ತಾನು. 12 ವೋಲ್ಟಿನ 150 ಆ್ಯಂಪಿಯರ್-ಗಂಟೆ ಟ್ಯೂಬುಲರ್ ಬ್ಯಾಟರಿ ನಾಲ್ಕು ಇದ್ದರೆ ಅದರಲ್ಲಿ ಹಿಡಿಯುವುದು 7.2 ಯೂನಿಟ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದರ ಆಯುಸ್ಸು ಬೇಗ ತೀರುತ್ತದೆ. ಹಾಗಾಗಿ ಕೈಗೆ ಸಿಗುವುದು 3.6 ಯೂನಿಟ್ ಮಾತ್ರ. ಎರಡು ಕಿಲೋವಾಟ್ ಹಲಗೆ ಒಳ್ಳೆ ಬಿಸಿಲಿನಲ್ಲಿ ದಿನಕ್ಕೆ ಎಂಟು ಯೂನಿಟ್ ಕೊಡುತ್ತದೆ. ದಟ್ಟ ಮೋಡದ ದಿನ ಒಂದು, ಹೆಚ್ಚೆಂದರೆ ಒಂದೂವರೆ. ಖರ್ಚು ಮೂರು, ಆದಾಯ ಒಂದೂವರೆ. ಎರಡು ದಿನ ತಳ್ಳಬಹುದು. ಮೂರನೆಯ ದಿನ ಕತ್ತಲೆ.

ಮೂರು ದಿನ ಬಿಸಿಲು ಕಾಣದೇ ಇರುವುದು ಇಲ್ಲಿ ಅಪರೂಪವೂ ಅಲ್ಲ. 2024ರ ಡಿಸೆಂಬರ್ ಮೊದಲಲ್ಲಿ ಫೆಂಗಲ್ ಚಂಡಮಾರುತ ಬಂದಾಗ ಇದೇ ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ ಒಂದೇ ದಿನಕ್ಕೆ 50 ಸೆಂಟಿಮೀಟರಿನಷ್ಟು ಮಳೆ ಸುರಿಯಿತು. ನಿಲ್ಲಿಸಿದ್ದ ವಾಹನಗಳು ನೀರಿನಲ್ಲಿ ಕೊಚ್ಚಿಹೋದವು. ಅಂಥ ದಿನ ಮಾಳಿಗೆ ಮೇಲಿನ ಹಲಗೆಯಿಂದ ಏನು ಬಂದೀತು?

ಜನರೇಟರಿನ ಕೆಲಸ ಮನೆ ನಡೆಸುವುದಲ್ಲ

ಇಲ್ಲಿದೆ ಮುಖ್ಯ ಮಾತು. ಸೋಲಾರ್ ಮನೆಯಲ್ಲಿ ಜನರೇಟರ್ ಇರುವುದು ಮನೆ ನಡೆಸುವುದಕ್ಕಲ್ಲ, ಬ್ಯಾಟರಿ ತುಂಬುವುದಕ್ಕೆ. ಮನೆಯನ್ನು ನಡೆಸುವುದು ಬ್ಯಾಟರಿಯೇ. ಇಷ್ಟು ಮನಸ್ಸಿಗೆ ಬಂದರೆ ಎಷ್ಟು ದೊಡ್ಡದು ಬೇಕೆಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಸೀಸದ ಬ್ಯಾಟರಿಗೆ ಅದರ ಅಳತೆಯ ಹತ್ತನೇ ಒಂದು ಭಾಗದಷ್ಟು ಕರೆಂಟು ಕೊಟ್ಟು ತುಂಬುವುದು ವಾಡಿಕೆ. 150ಕ್ಕೆ 15 ಆ್ಯಂಪಿಯರ್. 48 ವೋಲ್ಟಿನ ಸಾಲನ್ನು ತುಂಬುವಾಗ ವೋಲ್ಟೇಜ್ 56ರ ಹತ್ತಿರ ಇರುತ್ತದೆ. 15ನ್ನು 56ರಿಂದ ಗುಣಿಸಿದರೆ 840 ವಾಟ್. ಚಾರ್ಜರಿನಲ್ಲಿ ಪೋಲಾಗುವುದನ್ನು ಸೇರಿಸಿ ಒಂದು ಕಿಲೋವಾಟ್. ಜೊತೆಗೆ ಫ್ರಿಜ್ಜು, ನಾಲ್ಕು ದೀಪ. ಒಟ್ಟು ಒಂದೂಕಾಲು ಕಿಲೋವಾಟ್. ಅಷ್ಟೇ.

ಇದರ ಮೇಲೆ ಮೂರು ಪಾಲು ಸೇರಿಸಬೇಕು. ಮೊದಲನೆಯದು, ಚಾರ್ಜರುಗಳು ಕರೆಂಟನ್ನು ಒರಟಾಗಿ ಎಳೆಯುತ್ತವೆ. ಒಂದು ಕಿಲೋವಾಟಿನ ಕೆಲಸಕ್ಕೆ ಜನರೇಟರ್ ಒಂದೂವರೆ ಕೆ.ವಿ.ಎ.ಯ ಹೊರೆ ಹೊರಬೇಕಾಗುತ್ತದೆ. ಎರಡನೆಯದು, ಫ್ರಿಜ್ಜಿನ ಮೋಟಾರು ಶುರುವಾಗುವ ಗಳಿಗೆಯಲ್ಲಿ ಹಲವು ಪಟ್ಟು ಕರೆಂಟು ಕೇಳುತ್ತದೆ. ಮೂರನೆಯದು, ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದಷ್ಟೂ ಇಂಜಿನಿನ ಕಸುವು ಕಮ್ಮಿ, ಹತ್ತರಲ್ಲಿ ಒಂದು ಭಾಗದ ಆಸುಪಾಸು. ಇಷ್ಟೆಲ್ಲ ಹಿಡಿದರೂ ಮೂರು ಕೆ.ವಿ.ಎ. ಧಾರಾಳ. ಏಳೂವರೆ ಬೇಕಿಲ್ಲ.

ದೊಡ್ಡದಿದ್ದರೆ ನಷ್ಟವೇನು ಎಂದು ಕೇಳಬಹುದು. ನಷ್ಟ ಇದೆ. ಡೀಸೆಲ್ ಇಂಜಿನಿಗೆ ತನ್ನ ಶಕ್ತಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಹೊರೆ ಕೊಟ್ಟು ಗಂಟೆಗಟ್ಟಲೆ ಓಡಿಸಿದರೆ ಅದು ಸಾಕಷ್ಟು ಬಿಸಿಯಾಗುವುದಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಮಸಿಯಾಗಿ, ಎಣ್ಣೆಯಾಗಿ ಸೈಲೆನ್ಸರಿಗೆ ಬರುತ್ತದೆ. ತಳಿ ರಸ್ತೆಯ ಮನೆಯ ಗೋಡೆ ಮೇಲಿದ್ದದ್ದು ಅದೇ. ರೋಡ್ ರೋಲರಿನಲ್ಲಿ ಕೂತು ಪೇಟೆಗೆ ಸೊಪ್ಪು ತರಲು ಹೋದ ಹಾಗೆ.

ಪೆಟ್ರೋಲೋ, ಡೀಸೆಲ್ಲೋ?

ಇದನ್ನು ತೀರ್ಮಾನಿಸಬೇಕಾದದ್ದು ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ ಎಂಬ ಲೆಕ್ಕ. ಮೋಡದ ದಿನ ನಾಲ್ಕು ಗಂಟೆ ಓಡಿಸಬೇಕು ಎನ್ನಿ. ಅಂಥ ದಿನ ವರ್ಷಕ್ಕೆ ಹದಿನೈದು ಎನ್ನಿ. ಒಟ್ಟು 60 ಗಂಟೆ. ಇಷ್ಟು ಕಡಿಮೆ ಓಟಕ್ಕೆ ಪೆಟ್ರೋಲಿನ ಸಣ್ಣ ಸೆಟ್ಟೇ ಸರಿ. ಬೆಲೆ ಕಮ್ಮಿ, ಇಬ್ಬರು ಎತ್ತಿ ಇಡಬಹುದು. ಗಂಟೆಗೆ ಒಂದು ಲೀಟರ್ ಕುಡಿಯಿತು, ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ ಆರು ಸಾವಿರ.

ವರ್ಷಕ್ಕೆ ಮುನ್ನೂರು, ನಾನೂರು ಗಂಟೆ ಓಡಿಸುವವರಿಗೆ ಡೀಸೆಲ್ ಲೇಸು. ಅದರಲ್ಲೂ ನಿಮಿಷಕ್ಕೆ 1500 ಸುತ್ತು ತಿರುಗುವ ಸೆಟ್ಟು 3000 ಸುತ್ತಿನದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ, ಸದ್ದೂ ಕಡಿಮೆ. ಸೆಕೆಂಡ್ ಹ್ಯಾಂಡ್ ತರುವವರು ಒಂದು ಮಾತು ನೆನಪಿಡಬೇಕು. 2005ರಿಂದ ಈಚೆಗೆ ತಯಾರಾದ ಡೀಸೆಲ್ ಸೆಟ್ಟಿಗೆ ಸದ್ದು ತಡೆಯುವ ಪೆಟ್ಟಿಗೆ ಕಡ್ಡಾಯ. ಪೆಟ್ಟಿಗೆ ಇಲ್ಲದ ಬರಿಮೈ ಸೆಟ್ಟು ಸಿಕ್ಕರೆ ಅದರ ವಯಸ್ಸು ಎಷ್ಟೆಂದು ಕೇಳಿ.

ಆದರೆ ಅಷ್ಟು ಗಂಟೆ ಓಡಿಸಬೇಕಾಗಿ ಬರುತ್ತಿದೆ ಎಂದರೆ ಕೊರತೆ ಇರುವುದು ಜನರೇಟರಿನಲ್ಲಿ ಅಲ್ಲ, ಮಾಳಿಗೆ ಮೇಲೆ. ಇನ್ನೆರಡು ಹಲಗೆ ಸೇರಿಸುವುದು ಮೇಲು. ಸಣ್ಣ ಜನರೇಟರ್ ಓಡಿಸಿ ಬ್ಯಾಟರಿಗೆ ತುಂಬಿದ ಒಂದು ಯೂನಿಟ್ಟು ನೂರು ರೂಪಾಯಿಯ ಹತ್ತಿರ ಬೀಳುತ್ತದೆ. ಗಡಿಯಾಚೆ ಬೆಲೆ ಕಮ್ಮಿ ಇದ್ದೀತೆಂದು ಕ್ಯಾನು ಹಿಡಿದು ಅತ್ತಿಬೆಲೆಗೆ ಹೋದರೂ ಆ ಲೆಕ್ಕ ಬದಲಾಗುವುದಿಲ್ಲ.

ಪೆಟ್ರೋಲ್ ಸೆಟ್ಟಿಗೂ ಒಂದು ಕಾಯಿಲೆ ಉಂಟು. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್ ಬೆರೆತ ಪೆಟ್ರೋಲು. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಕಾರ್ಬ್ಯುರೇಟರಿನಲ್ಲಿ ಅಂಟು ಕಟ್ಟುತ್ತದೆ. ಬೇಕಾದ ದಿನ ಹಗ್ಗ ಎಳೆದೂ ಎಳೆದೂ ತೋಳು ನೋಯುವುದೇ ಬಂತು. ಕೆಲಸ ಮುಗಿದ ಮೇಲೆ ಪೆಟ್ರೋಲಿನ ನಲ್ಲಿ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ. ತಿಂಗಳಿಗೊಮ್ಮೆ ಹದಿನೈದು ನಿಮಿಷ ಹೊರೆ ಕೊಟ್ಟು ಓಡಿಸಿ.

ಬೋರ್‌ವೆಲ್ಲಿನ ಆಸೆ ಬೇಡ

“ಹಂಗಾದ್ರೆ ಬೋರಿನ ಮೋಟ್ರು?” ಎಂದರು ಯಜಮಾನರು. ದೊಡ್ಡ ಸೆಟ್ಟು ತಂದದ್ದರ ಒಳಗುಟ್ಟು ಅದೇ ಆಗಿತ್ತು. ಐದು ಎಚ್.ಪಿ. ಮೋಟಾರು ಓಡುವಾಗ ನಾಲ್ಕು ಕಿಲೋವಾಟಿನ ಹತ್ತಿರ ಕೇಳುತ್ತದೆ. ನೇರವಾಗಿ ಶುರು ಮಾಡುವಾಗ ಐದಾರು ಪಟ್ಟು ಕರೆಂಟು. ಅವರ ಏಳೂವರೆ ಕೆ.ವಿ.ಎ. ಅದನ್ನೂ ಎತ್ತಲಾರದೆ ಉಸಿರು ಬಿಡುತ್ತಿತ್ತು. ಮನೆಗೆ ತೀರಾ ದೊಡ್ಡದು, ಬೋರಿಗೆ ತೀರಾ ಸಣ್ಣದು. ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ.

ನೀರಿನ ಲೆಕ್ಕವನ್ನು ಮನೆಯ ಲೆಕ್ಕದಿಂದ ಬೇರೆ ಮಾಡಬೇಕು. ಬೋರಿಗೆ ಅದರದೇ ಸೋಲಾರ್ ಪಂಪು ಹಾಕಿ, ಬಿಸಿಲಿದ್ದಾಗ ತೊಟ್ಟಿ ತುಂಬಿಸಿಡಿ. ತೊಟ್ಟಿಯೇ ಅದರ ಬ್ಯಾಟರಿ. 2019ರಲ್ಲಿ ಬಂದ ಪಿ.ಎಂ. ಕುಸುಮ್ ಯೋಜನೆಯಲ್ಲಿ ಇಂಥ ಪಂಪುಗಳಿಗೆ ಸಹಾಯಧನ ಇಡಲಾಗಿದೆ. ತಮಿಳುನಾಡಿನಲ್ಲಿ ಅದನ್ನು ನೋಡಿಕೊಳ್ಳುವುದು ಕೃಷಿ ಎಂಜಿನಿಯರಿಂಗ್ ಇಲಾಖೆ. ಮಳೆ ಬೀಳುವ ದಿನ ಹೊಲಕ್ಕೆ ನೀರೂ ಬೇಕಿರುವುದಿಲ್ಲ!

ಇನ್ವರ್ಟರನ್ನೂ ಕೇಳಿ

ಕೊಳ್ಳುವ ಮುನ್ನ ಇನ್ವರ್ಟರಿಗೂ ಜನರೇಟರಿಗೂ ಜಾತಕ ಕೂಡಬೇಕು. ಅಗ್ಗದ ಸೆಟ್ಟಿನ ವೋಲ್ಟೇಜು ಏರಿಳಿದರೆ, ಫ್ರೀಕ್ವೆನ್ಸಿ 50ರಿಂದ ಆಚೀಚೆ ಹೋದರೆ ಇನ್ವರ್ಟರ್ ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಜನರೇಟರ್ ಹೊರಗೆ ಓಡುತ್ತಲೇ ಇರುತ್ತದೆ, ಬ್ಯಾಟರಿಗೆ ಒಂದು ಹನಿ ಸೇರುವುದಿಲ್ಲ. ಆದ್ದರಿಂದ ವೋಲ್ಟೇಜ್ ತಾನೇ ಹತೋಟಿಯಲ್ಲಿಡುವ ಎ.ವಿ.ಆರ್. ಇರುವ ಸೆಟ್ಟೇ ಆಗಬೇಕು. ಇನ್ವರ್ಟರಿನಲ್ಲಿ ಚಾರ್ಜಿಂಗ್ ಕರೆಂಟು ಹೆಚ್ಚು ಕಡಿಮೆ ಮಾಡುವ ಅವಕಾಶ ಇದೆಯೇ ನೋಡಿ. ಲಿಥಿಯಂ ಬ್ಯಾಟರಿ ಇದ್ದವರಿಗೆ ಇದು ಇನ್ನೂ ಮುಖ್ಯ. ಅದು ಹೆಚ್ಚು ಕರೆಂಟು ನುಂಗಬಲ್ಲದು. ಕಡಿವಾಣ ಹಾಕದಿದ್ದರೆ ಸಣ್ಣ ಸೆಟ್ಟು ಮುಗ್ಗರಿಸುತ್ತದೆ.

ಇನ್ನೊಂದು ಮಿತವ್ಯಯದ ಮಾತು. ಸೀಸದ ಬ್ಯಾಟರಿ ಮುಕ್ಕಾಲು ಭಾಗ ತುಂಬಿದ ಮೇಲೆ ಎಳೆಯುವ ಕರೆಂಟು ಇಳಿಯುತ್ತಾ ಹೋಗುತ್ತದೆ. ಆಮೇಲೂ ಜನರೇಟರ್ ಓಡಿಸಿದರೆ ಪೆಟ್ರೋಲ್ ಉರಿದು ಹೊಗೆ ಹೋಗುತ್ತದೆ ಅಷ್ಟೇ. ಬೆಳಗಿನ ಹೊತ್ತು ಮೂರು ನಾಲ್ಕು ಗಂಟೆ ಓಡಿಸಿ ನಿಲ್ಲಿಸಿ. ಮೋಡ ಸರಿದ ದಿನ ಉಳಿದ ಭಾಗವನ್ನು ಬಿಸಿಲೇ ತುಂಬುತ್ತದೆ.

ಪ್ರಾಣದ ಮಾತು

ಮಳೆಗೆ ನೆನೆಯುತ್ತದೆ ಎಂದು ಜನರೇಟರನ್ನು ಮನೆಯೊಳಗೆ, ಪಡಸಾಲೆಗೆ, ಮುಚ್ಚಿದ ಕೊಟ್ಟಿಗೆಗೆ ತಂದಿಟ್ಟು ಓಡಿಸಬೇಡಿ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ. ಕಿಟಕಿ ಬಾಗಿಲಿಂದ ಇಪ್ಪತ್ತು ಅಡಿ ದೂರದಲ್ಲಿ, ಮೇಲೆ ಮಾತ್ರ ಸೂರು ಇದ್ದು ನಾಲ್ಕು ಕಡೆ ಬಯಲಿರುವ ಜಾಗದಲ್ಲಿ ಇಡಿ. ಬಿಸಿಯಿದ್ದಾಗ ಪೆಟ್ರೋಲ್ ಸುರಿಯಬೇಡಿ.

ಮನೆಗೆ ಇ.ಬಿ. ಲೈನೂ ಇದ್ದರೆ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸಲೇಬಾರದು. ಕರೆಂಟು ಹಿಮ್ಮುಖವಾಗಿ ಲೈನಿಗೆ ಹೋದರೆ, ಕರೆಂಟು ಹೋಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಸಾಯುತ್ತಾನೆ. ಅವನೂ ನಮ್ಮೂರಿನವನೇ.

ತಳಿ ರಸ್ತೆಯ ಯಜಮಾನರು ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಬಿಸಿಲು ಬಾರದ ದಿನಕ್ಕೆ ಮಸಿಯಲ್ಲಿ ಒಂದು ಚುಕ್ಕೆ ಇಡುತ್ತಿದ್ದಾರೆ. ವರ್ಷ ತುಂಬಿದ ಮೇಲೆ ಚುಕ್ಕೆ ಎಣಿಸಿ, ದೊಡ್ಡ ಸೆಟ್ಟು ಮಾರಿ, ಸಣ್ಣದು ತರುವುದೆಂದು ಮಾತಾಗಿದೆ. ಅಲ್ಲಿಯವರೆಗೆ ಅವರ ತಾಯಿ ತಮ್ಮದೇ ಉಪಾಯ ಹೂಡಿದ್ದಾರೆ.

“ಮೋಡ ಕವಿದ್ರೆ ನಾನೇ ಟೀವಿ ಆರಿಸ್ಬುಡ್ತೀನಪ್ಪಾ. ಫ್ಯಾನೂ ಬ್ಯಾಡ. ಆ ಡಬ್ಬ ತಣ್ಣಗಿದ್ರೆ ಸಾಕು,” ಎಂದರು ಅಜ್ಜಿ, ಫ್ರಿಜ್ಜಿನ ಕಡೆ ಕೈ ತೋರಿಸಿ.

ಜನರೇಟರ್ ಕೊಳ್ಳುವವರೆಲ್ಲ ಮೊದಲು ಕಲಿಯಬೇಕಾದ ಲೆಕ್ಕ ಅದೇ. ಯಾವುದು ಆರಿದರೂ ನಡೆಯುತ್ತದೆ, ಯಾವುದು ಆರಲೇಕೂಡದು ಎಂದು ಮನೆಯಲ್ಲಿ ಕೂತು ಬರೆದುಕೊಳ್ಳಿ. ಆ ಚೀಟಿ ಜೇಬಿನಲ್ಲಿ ಇಟ್ಟುಕೊಂಡೇ ಹೊಸೂರಿನ ಬಸ್ಸು ಹತ್ತಿ.