ಕೃಷಿ ಮೇಳಕ್ಕೆ ಹೋಗಿ ಕಾಡುಪಾಪ ನೋಡಿ ಬಂದೆ

2023ರ ನವೆಂಬರಿನಲ್ಲಿ ಬೆಂಗಳೂರಿನ ಜಿಕೆವಿಕೆ ಕೃಷಿ ಮೇಳಕ್ಕೆ ಹೋಗಿದ್ದೆ. ಶಿರಾ ಕಡೆಯಿಂದ ಹೋಗುವ ನಮ್ಮಂಥವರು ಯಶವಂತಪುರದಲ್ಲಿ ಇಳಿದು, ಹೆಬ್ಬಾಳ ಸೇರಿ, ಅಲ್ಲಿಂದ ಯಲಹಂಕದ ಬಸ್ಸು ಹತ್ತಿದರೆ ಗೇಟಿನ ಮುಂದೆಯೇ ಇಳಿಯಬಹುದು. ನನಗಿದ್ದದ್ದು ಎರಡೇ ಕೆಲಸ. ಅಕ್ಕಡಿ ಸಾಲಿಗೆ ಒಳ್ಳೆ ತೊಗರಿ ಬೀಜ ವಿಚಾರಿಸುವುದು, ತಂತಿ ಬೇಲಿಯ ದರ ತಿಳಿಯುವುದು.

ಬೇಲಿಯ ಸಂಗತಿ ಮೊದಲು ಹೇಳಿಬಿಡುತ್ತೇನೆ. ನಮ್ಮದು ನಾಲ್ಕು ಎಕರೆ ಖುಷ್ಕಿ. ರಾಗಿ, ಶೇಂಗಾ, ನಡುವೆ ಅವರೆ, ತೊಗರಿ. ಸುತ್ತ ತಾತನ ಕಾಲದ ಬೇಲಿ: ಕತ್ತಾಳೆ, ಸೀತಾಫಲ, ಜಾಲಿ, ಮಧ್ಯೆ ಮಧ್ಯೆ ಹೊಂಗೆ, ಬೇವು. ಈಚೆಗೆ ಕಾಡುಹಂದಿ ನುಗ್ಗಿ ಶೇಂಗಾ ಬಗೆಯತೊಡಗಿದ್ದವು. ಬೇಲಿ ಪೂರಾ ತೆಗೆದು ಕಲ್ಲುಕಂಬ ನೆಟ್ಟು ತಂತಿ ಎಳೆಸೋಣ ಅಂತ ತೀರ್ಮಾನ ಮಾಡಿದ್ದೆ. ಸೌದೆ ವ್ಯಾಪಾರಿ ಹನ್ನೊಂದು ಮರಕ್ಕೂ ಬೇಲಿಗೂ ಸೇರಿಸಿ 22 ಸಾವಿರಕ್ಕೆ ಒಪ್ಪಿ, 2 ಸಾವಿರ ಮುಂಗಡವನ್ನೂ ಕೊಟ್ಟಿದ್ದ.

ಮೇಳ ಮುಗಿಯುವಷ್ಟರಲ್ಲಿ ಕತ್ತಲಾಯಿತು. ರಾತ್ರಿ ಉಳಿಯುವುದು ಜಕ್ಕೂರಿನ ತಂಗಿ ಮನೆಯಲ್ಲಿ. ಅವಳ ಮಗ ಜಿಕೆವಿಕೆಯಲ್ಲೇ ಓದುತ್ತಾನೆ. ಅವನೂ ಅವನ ಗೆಳೆಯರೂ ಒಪ್ಪಿಗೆ ಪಡೆದು ಆಗಾಗ ರಾತ್ರಿ ಹೊತ್ತು ಯಾವುದೋ ಪ್ರಾಣಿ ಎಣಿಸಲು ಹೋಗುತ್ತಾರಂತೆ. "ಮಾವ, ಕಾಲು ನೋವಿಲ್ಲದಿದ್ದರೆ ನೀವೂ ಬನ್ನಿ" ಅಂದ. ಬೆಳಗಿನಿಂದ ನಡೆದು ಕಾಲು ಬಿದ್ದು ಹೋಗಿತ್ತು. ಆದರೂ ಹುಡುಗ ಕರೆದ ಅಂತ ಹೊರಟೆ.

ಎರಡು ಕೆಂಡದ ಚುಕ್ಕಿ

ಅವರ ಬ್ಯಾಟರಿಗೆ ಕೆಂಪು ಕಾಗದ ಕಟ್ಟಿದ್ದರು. ಬಿಳಿ ಬೆಳಕು ಆ ಪ್ರಾಣಿಯ ಕಣ್ಣಿಗೆ ಹಿಂಸೆಯಂತೆ. ಅರ್ಧ ಗಂಟೆ ಏನೂ ಕಾಣಲಿಲ್ಲ. ಅತ್ತ ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಾರುಗಳ ಸದ್ದು, ಇತ್ತ ಜೀರುಂಡೆ ಸದ್ದು. ಆಮೇಲೆ ಹುಡುಗ ನನ್ನ ತೋಳು ಹಿಡಿದು, "ಮಾವ, ಮಾತಾಡಬೇಡಿ, ಆ ಬಳ್ಳಿ ಹಬ್ಬಿದ ಕೊಂಬೆ ನೋಡಿ" ಅಂದ.

ಎರಡು ಕೆಂಡದಂಥ ಚುಕ್ಕಿ ಕಂಡವು. ನಿಧಾನಕ್ಕೆ ಮೈಯೂ ಕಂಡಿತು. ಒಂದು ಗೇಣುದ್ದ, ತೂಗಿದರೆ ಕಾಲು ಕಿಲೋ. ಬಾಲವೇ ಇಲ್ಲ. ಕೈಕಾಲು ಕಡ್ಡಿಯಷ್ಟು ಸಣ್ಣ. ಮುಖದ ತುಂಬ ಕಣ್ಣು. ಕೊಂಬೆಯನ್ನು ನಮ್ಮ ಹಾಗೇ ಬೆರಳು ಮಡಿಸಿ ಹಿಡಿದುಕೊಂಡು, ಒಂದು ಕೈ ತೆಗೆದು, ಯೋಚಿಸಿ, ಮುಂದಿಡುತ್ತಿತ್ತು. ಗೊಬ್ಬರದ ಗಾಡಿ ಎಳೆಯುವ ಮುದಿ ಎತ್ತಿನ ನಡಿಗೆ. ಆದರೆ ಎಲೆಯ ಮೇಲೊಂದು ಹುಳು ಕೂತಿದ್ದೇ ತಡ, ಎರಡು ಕೈಯೂ ಚಾಚಿ ಗಬಕ್ಕನೆ ಹಿಡಿದು ಬಾಯಿಗೆ ಹಾಕಿಕೊಂಡಿತು. ತಿಂದು ಮುಗಿಸಿ ಕತ್ತು ತಿರುಗಿಸಿ ನಮ್ಮನ್ನೇ ನೋಡಿತು. ನನಗೆ ನಗು ಬಂತು, ಮರುಗಳಿಗೆ ನಗು ನಿಂತೂ ಹೋಯಿತು.

ಆ ಕಣ್ಣು ನಾನು ಮೊದಲೇ ನೋಡಿದ್ದೆ. 1982ರಲ್ಲಿ, ಏಳನೇ ಕ್ಲಾಸಿನಲ್ಲಿದ್ದಾಗ, ನಮ್ಮ ಇದೇ ಬೇಲಿಯಲ್ಲಿ ಸೌದೆ ಕಡಿಯುವಾಗ ಒಂದು ಸಿಕ್ಕಿತ್ತು. ಮಂತ್ರ ಮಾಟ ಮಾಡುವವನೊಬ್ಬ ಐದು ರೂಪಾಯಿ ಕೊಡುತ್ತೇನೆಂದ. ಗೋಣಿಚೀಲದಲ್ಲಿ ಹಾಕಿ ಕೊಟ್ಟವನು ನಾನೇ. ಅದನ್ನು ಏನು ಮಾಡಿದ ಅಂತ ಕೇಳಲಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹುಡುಗರು ಹೇಳಿದ್ದು

ಇದು ಕೋತಿಯ ದೂರದ ನೆಂಟ. ಗಡಿ ಕಡೆಯ ತೆಲುಗಿನವರು ದೇವಾಂಗ ಪಿಲ್ಲಿ ಅನ್ನುತ್ತಾರೆ, ತಮಿಳರು ದೇವಾಂಗು. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಈ ಜಾತಿ ಬೇರೆಲ್ಲೂ ಇಲ್ಲ. ಹಗಲು ಪೊದೆಯಲ್ಲಿ ಮುದುಡಿ ನಿದ್ದೆ, ರಾತ್ರಿ ಬೇಟೆ. ಬಹುಪಾಲು ಆಹಾರ ಇರುವೆ, ಗೆದ್ದಲು, ಜೀರುಂಡೆ, ಮಿಡತೆಯಂಥ ಹುಳು. ಜೊತೆಗೆ ಸ್ವಲ್ಪ ಮರದ ಅಂಟು. ನಮ್ಮ ಬೆಳೆಗೆ ಕೈ ಹಾಕುವ ಪ್ರಾಣಿಯೇ ಅಲ್ಲ.

ದೊಡ್ಡ ತೊಂದರೆ ಒಂದಿದೆ. ಇದಕ್ಕೆ ಕೋತಿಯ ಹಾಗೆ ನೆಗೆಯಲು ಬರುವುದಿಲ್ಲ. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ದಾರಿ. ನಡುವೆ ಒಂದು ಮರ ಹೋದರೆ ನೆಲಕ್ಕಿಳಿಯಬೇಕು. ಇಳಿದರೆ ನಾಯಿ, ರಸ್ತೆ. ಕರೆಂಟು ತಂತಿ ಹಿಡಿದರೆ ಸಾವು. ಜಿಕೆವಿಕೆಯಲ್ಲೂ ಯಶವಂತಪುರದ ಹತ್ತಿರದ ಟಾಟಾ ವಿಜ್ಞಾನ ಸಂಸ್ಥೆಯಲ್ಲೂ ಇವು ಉಳಿದಿರುವುದು ಅಲ್ಲಿ ಹಳೆ ಮರಗಳು ಒತ್ತೊತ್ತಾಗಿ ಉಳಿದಿರುವುದರಿಂದ. 2014ರಲ್ಲಿ ಕಾಬೇರಿ ಕರ್ ಗುಪ್ತಾ ಎಂಬ ವಿಜ್ಞಾನಿ ಊರಿನ ಜನರನ್ನೇ ಸೇರಿಸಿಕೊಂಡು ಬೆಂಗಳೂರಿನ ಕಾಡುಪಾಪಗಳನ್ನು ಹುಡುಕುವ ಕೆಲಸ ಶುರು ಮಾಡಿದರು. ತಮಿಳುನಾಡು 2022ರಲ್ಲಿ ಕರೂರು, ದಿಂಡಿಗಲ್ ಜಿಲ್ಲೆಗಳ ಕಡವೂರಿನಲ್ಲಿ ಕಾಡುಪಾಪಕ್ಕೆಂದೇ ಅಭಯಾರಣ್ಯ ಘೋಷಿಸಿತು. ನಮ್ಮ ತುಮಕೂರು ತಾಲ್ಲೂಕಿನ ನಾಗವಲ್ಲಿಯ ಸುತ್ತಲೂ ಇವು ಇವೆ.

ಇನ್ನೊಂದು ಮಾತು ಎಲ್ಲರಿಗೂ ತಿಳಿದಿರಲಿ. 1972ರ ವನ್ಯಜೀವಿ ಕಾಯಿದೆಯಲ್ಲಿ ಇದಕ್ಕೆ ಹುಲಿಗಿರುವಷ್ಟೇ ರಕ್ಷಣೆಯಿದೆ. ಹಿಡಿದರೆ, ಮಾರಿದರೆ ಮೂರರಿಂದ ಏಳು ವರ್ಷ ಜೈಲು. ನಾನು ಐದು ರೂಪಾಯಿಗೆ ಮಾಡಿದ್ದು ಆಗಲೂ ಅಪರಾಧವೇ. ನನಗೆ ಹೇಳುವವರಿರಲಿಲ್ಲ.

ಊರಿಗೆ ಬಂದ ಮೇಲೆ

ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೇಲಿಯದೇ ಲೆಕ್ಕ. ನಮ್ಮ ಬೇಲಿ ಕೆಳಗಿನವರ ಬೇಲಿಗೆ ಸೇರುತ್ತದೆ, ಅದು ಕೆರೆ ಏರಿಯ ಮರಗಳಿಗೆ, ಅಲ್ಲಿಂದ ಗುಡ್ಡಕ್ಕೆ. ನಾನು ಕಡಿದರೆ ನಡುವೆ ದಾರಿ ತುಂಡು. ಹಾಗಂತ ಹಂದಿಗೆ ಶೇಂಗಾ ಬಿಟ್ಟುಕೊಡುವಷ್ಟು ಸಾಹುಕಾರನೂ ನಾನಲ್ಲ.

ವ್ಯಾಪಾರಿಯ 2 ಸಾವಿರ ವಾಪಸು ಕೊಟ್ಟೆ. ಮನೆಯಲ್ಲಿ ಎರಡು ದಿನ ಮಾತಿಲ್ಲ. "ಕೋತಿಮರಿ ನೋಡಿ ಬಂದು 22 ಸಾವಿರ ಕಳೆದರು" ಅಂತ ಹೆಂಡತಿ ಪಕ್ಕದ ಮನೆಗೆಲ್ಲ ಹೇಳಿಕೊಂಡು ಬಂದಳು. ಆಮೇಲೆ ಹೀಗೆ ಮಾಡಿದೆವು: ಮರ ಕಡಿಯಲಿಲ್ಲ. ಹೊಲದ ಮೇಲೆ ಬಾಗಿದ ಕೊಂಬೆ ಮಾತ್ರ ಸವರಿ, ಮರದಿಂದ ಮರಕ್ಕೆ ತಾಗುವ ಕೊಂಬೆ ಬಿಟ್ಟೆವು. ಸವರಿದ ಹೊಂಗೆಸೊಪ್ಪು ಹೊಲಕ್ಕೇ ಗೊಬ್ಬರವಾಯಿತು. ಹಂದಿ ನುಗ್ಗುವ ಎರಡು ಕಡೆಯಷ್ಟೇ ಬೇಲಿಯ ಒಳಬದಿಗೆ ಕಲ್ಲುಕಂಬ, ತಂತಿ. ಕರೆಂಟು ಹಾಯಿಸಲಿಲ್ಲ. ಬೇಲಿ ಪಕ್ಕದ ಎರಡು ಸಾಲು ರಾಗಿ ಈಗಲೂ ಸೊರಗುತ್ತದೆ, ಸುಳ್ಳು ಹೇಳುವುದಿಲ್ಲ. ಹಂದಿ ಕಾಟ ಕಡಿಮೆಯಾಗಿದೆ, ನಿಂತಿಲ್ಲ.

ನಮ್ಮ ಬೇಲಿಯಲ್ಲಿ ಕಾಡುಪಾಪ ಇನ್ನೂ ಇದೆಯೇ? ಕೆಂಪು ಕಾಗದ ಕಟ್ಟಿದ ಬ್ಯಾಟರಿ ಹಿಡಿದು ಹಲವು ರಾತ್ರಿ ಸುತ್ತಿದ್ದೇನೆ, ಕಂಡಿಲ್ಲ. ಹೋದ ಮಾಗಿಯಲ್ಲಿ ರಾಗಿ ಮೆದೆ ಕಾಯಲು ಮಲಗಿದ್ದಾಗ ಕೆಳಗಿನ ಮೂಲೆಯಿಂದ ಸಣ್ಣಗೆ ಒಂದು ಸಿಳ್ಳೆ ಕೇಳಿತು. ಕಾಡುಪಾಪ ಹಾಗೇ ಸಿಳ್ಳೆ ಹಾಕುತ್ತದೆ ಅಂತ ಹುಡುಗ ಹೇಳಿದ್ದ. ಹಕ್ಕಿಯೂ ಇರಬಹುದು. ನಾನು ಬ್ಯಾಟರಿ ಹಾಕಲಿಲ್ಲ.

ನಿಮ್ಮ ಹೊಲದ ಬೇಲಿಯಲ್ಲಿ ಇದನ್ನು ಕಂಡವರಿದ್ದರೆ ಪತ್ರಿಕೆಗೆ ಒಂದು ಕಾಗದ ಬರೆಯಿರಿ. ಹಿಡಿಯಬೇಡಿ, ಯಾರಿಗೂ ಜಾಗ ತೋರಿಸಬೇಡಿ. ಬೇಲಿ ತೆಗೆಸುವ ಯೋಚನೆ ಇದ್ದರೆ, ಕಡಿಯುವ ಮುಂಚೆ ಒಂದು ರಾತ್ರಿ ಅದರ ಪಕ್ಕ ನಿಂತು ನೋಡಿ.